ಕನೆಕ್ಷನ್ ಸ್ಟ್ರಿಂಗ್ ಕೈಕೊಟ್ಟಾಗ: ಓದುತ್ತಿರುವುದು ಯಾರು?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯ್ತು. ಮುಂದೆ ಕಾಲೇಜಿನ ಹುಡುಗರು, ಹುಡುಗಿಯರು ಕೂತಿದ್ದಾರೆ. ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿಯವರಿದ್ದಾರೆ. ತೋಟದ ಲೆಕ್ಕ ಬರೆಯುವ ರೈಟರ್‌ಗಳೂ ಇಬ್ಬರು ಮೂವರು ಕಾಣಿಸುತ್ತಿದ್ದಾರೆ. ನಾನು ಇವತ್ತು ಮಾತಾಡುವುದು ಒಂದೇ ಒಂದು ಸಾಲಿನ ಬಗ್ಗೆ: ಡೇಟಾ ಎಲ್ಲಿದೆ, ಅದನ್ನು ಹೇಗೆ ತೆರೆಯಬೇಕು ಅಂತ ಪ್ರೋಗ್ರಾಮಿಗೆ ಹೇಳುವ ಕನೆಕ್ಷನ್ ಸ್ಟ್ರಿಂಗ್. ಆ ಸಾಲು ತಪ್ಪಿದರೆ ಇಡೀ ಪ್ರೋಗ್ರಾಂ ಸುಮ್ನೆ ಕೂತುಬಿಡುತ್ತದೆ.

ಮೊದಲು ಒಂದು ಶನಿವಾರದ ಕಥೆ ಹೇಳುತ್ತೇನೆ. ಆಲ್ದೂರು ಕಡೆಯ ಒಂದು ಕಾಫಿ ತೋಟ. ಜುಲೈ ತಿಂಗಳು. ಅವತ್ತು ಬಟವಾಡೆ. ವಾರವಿಡೀ ಕಳೆ ಕೊಚ್ಚಿದ ಹೆಂಗಸರು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಆಫೀಸಿನ ಜಗಲಿಯಲ್ಲಿ ನಿಂತಿದ್ದರು. ಸಂತೆಗೆ ಹೋಗುವ ಮೊದಲು ಅವರಿಗೆ ಕೈಯಲ್ಲಿ ದುಡ್ಡು ಬೇಕು. ಚೆಕ್‌ರೋಲ್, ಅಂದರೆ ಹಾಜರಿ ಮತ್ತು ಕೂಲಿಯ ಲೆಕ್ಕ, ಇದ್ದದ್ದು ಕಂಪ್ಯೂಟರಿನಲ್ಲಿ. ಹಳೇ ಕಂಪ್ಯೂಟರ್ ಆ ವಾರ ಕೈಕೊಟ್ಟಿತ್ತು, ಹೊಸ ಲ್ಯಾಪ್‌ಟಾಪ್ ತಂದು ಪೆನ್‌ಡ್ರೈವಿನಿಂದ ಪ್ರೋಗ್ರಾಮನ್ನೂ ಡೇಟಾ ಫೈಲನ್ನೂ ಕಾಪಿ ಮಾಡಿದ್ದರು, ಆದರೆ ತೆರೆದ ಕೂಡಲೇ ಒಂದು ಸಂದೇಶ: 'ಮೈಕ್ರೋಸಾಫ್ಟ್.ಜೆಟ್.ಓಎಲ್ಇಡಿಬಿ.4.0' ಪ್ರೊವೈಡರ್ ಈ ಕಂಪ್ಯೂಟರಿನಲ್ಲಿ ನೋಂದಣಿ ಆಗಿಲ್ಲ. ನಾನು ಹೋಗುವಷ್ಟರಲ್ಲಿ ಒಬ್ಬರು ಬಂದು ವಿಂಡೋಸನ್ನೇ ಹೊಸದಾಗಿ ಹಾಕಿ ಹೋಗಿದ್ದರು. ಇನ್ನೊಬ್ಬರು ಡೇಟಾ ಕೆಟ್ಟಿದೆ ಅಂದಿದ್ದರು. ರೈಟರ್ ಮುಖ ಬಾಡಿತ್ತು. 'ಸಾರ್, ಹೋದ ವರ್ಷದ ಲೆಕ್ಕ ಎಲ್ಲಾ ಹೋಯ್ತಾ?' ಅಂದರು.

ಡೇಟಾಗೆ ಏನೂ ಆಗಿರಲಿಲ್ಲ. ಫೈಲ್ ಇದ್ದ ಜಾಗದಲ್ಲೇ ಇತ್ತು. ಸ್ಟ್ರಿಂಗಿನಲ್ಲೂ ಒಂದಕ್ಷರ ಬದಲಾಗಿರಲಿಲ್ಲ. ಬದಲಾಗಿದ್ದು ಅದನ್ನು ಓದುವವರು.

ಇಷ್ಟೇ ನಾನು ಹೇಳಬೇಕಾಗಿರುವುದು. ಊರಿನಲ್ಲಿ ಯಾರಾದರೂ 'ನಮ್ಮನೆ ಹಿಂದಿನ ಗದ್ದೆ' ಅಂದರೆ ನಾವು ಕೇಳುವುದು ಏನು? ಯಾರ ಮನೆ ಅಂತ, ಅಲ್ವಾ? ಹೇಳುವವರು ಬದಲಾದರೆ ಗದ್ದೆಯೂ ಬದಲಾಗುತ್ತದೆ. ಕನೆಕ್ಷನ್ ಸ್ಟ್ರಿಂಗ್ ಕೂಡ ಹಾಗೇ. ಯಾವ ಕಂಪ್ಯೂಟರ್, 32 ಬಿಟ್ಟೋ 64 ಬಿಟ್ಟೋ (ಪ್ರೋಗ್ರಾಮುಗಳಲ್ಲಿ ಇರುವ ಎರಡು ಬಗೆ), ಯಾವ ಯೂಸರ್, ಯಾವ ಫೋಲ್ಡರಿನಲ್ಲಿ ನಿಂತು ಓದುತ್ತಿದ್ದಾರೆ ಅನ್ನುವುದರ ಮೇಲೆ ಅದರ ಅರ್ಥ ನಿಲ್ಲುತ್ತದೆ. 'ಲೋಕಲ್‌ಹೋಸ್ಟ್' ಅಂದರೆ ಓದುವ ಕಂಪ್ಯೂಟರೇ. ಡೇಟಾ ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿದ್ದರೆ ಆ ಪದ ಅಲ್ಲಿಗೆ ಹೋಗುವುದಿಲ್ಲ.

ಬೋರ್ಡ್ ನೋಡಿ. ಪ್ರೊವೈಡರ್=ಮೈಕ್ರೋಸಾಫ್ಟ್.ಜೆಟ್.ಓಎಲ್ಇಡಿಬಿ.4.0; ಡೇಟಾ ಸೋರ್ಸ್=ಝಡ್:\ತೋಟ\ಚೆಕ್‌ರೋಲ್.ಎಂಡಿಬಿ, ಹೀಗೆ ಹೆಸರು, ಸಮ ಚಿಹ್ನೆ, ಬೆಲೆ, ಆಮೇಲೆ ಸೆಮಿಕೋಲನ್. ಅಷ್ಟೇ ವ್ಯಾಕರಣ. ಪಾಸ್‌ವರ್ಡಿನೊಳಗೇ ಒಂದು ಸೆಮಿಕೋಲನ್ ಇದ್ದರೆ ಸಾಲು ಅಲ್ಲಿಗೇ ತುಂಡಾಗುತ್ತದೆ, ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಸಿ ಶಾರ್ಪ್‌ನಲ್ಲಿ ಬರೆಯುವವರು ಬ್ಯಾಕ್‌ಸ್ಲ್ಯಾಷನ್ನು ಎರಡು ಸಲ ಹಾಕಬೇಕು, ಇಲ್ಲಾಂದ್ರೆ ಮೊದಲ ಉದ್ಧರಣ ಚಿಹ್ನೆಗೂ ಮುಂಚೆ ಅಟ್ ಚಿಹ್ನೆ ಇಡಬೇಕು. ಇಂಥ ಬರವಣಿಗೆ ತಪ್ಪುಗಳು ಬೇಗ ಸಿಗುತ್ತವೆ. ಗಂಟೆಗಟ್ಟಲೆ ಹಿಡಿಯುವುದು ಬೇರೆಯವು.

ಪ್ರೊವೈಡರ್ ಅನ್ನೋದು ನಮ್ಮ ಪ್ರೋಗ್ರಾಮಿಗೂ ಡೇಟಾಬೇಸಿಗೂ ನಡುವೆ ನಿಂತ ದುಭಾಷಿ. 32 ಬಿಟ್ ಪ್ರೋಗ್ರಾಮಿಗೆ 32 ಬಿಟ್ ದುಭಾಷಿಯೇ ಬೇಕು, 64ಕ್ಕೆ 64ರದ್ದೇ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಪ್ರೋಗ್ರಾಂ ಆಕ್ಸೆಸ್‌ನ ಹಳೇ ಎಂಡಿಬಿ ಫೈಲುಗಳನ್ನು ಓದುವ ಜೆಟ್ ಪ್ರೊವೈಡರ್ 32 ಬಿಟ್ಟಿನಲ್ಲಿ ಮಾತ್ರ ಇದೆ. 64ರದ್ದು ಬರಲೇ ಇಲ್ಲ. ಆಕ್ಸೆಸ್ 2007ರ ಜೊತೆ ಎಸಿಇ ಅನ್ನುವ ಹೊಸ ಎಂಜಿನ್ ಬಂತು, ಎಸಿಸಿಡಿಬಿ ಅನ್ನುವ ಹೊಸ ಫೈಲೂ ಬಂತು. ಎಸಿಇ ಹಳೇ ಫೈಲನ್ನೂ ಓದುತ್ತದೆ, ಹೊಸದನ್ನೂ ಓದುತ್ತದೆ. ಜೆಟ್‌ಗೆ ಹೊಸ ಫೈಲ್ ಕೊಟ್ಟರೆ 'ಈ ಡೇಟಾಬೇಸ್ ಫಾರ್ಮ್ಯಾಟ್ ಗುರುತು ಸಿಗುತ್ತಿಲ್ಲ' ಅನ್ನುತ್ತದೆ. ಅದನ್ನು ನೋಡಿ ಫೈಲ್ ಕೆಟ್ಟಿದೆ ಅಂದುಕೊಳ್ಳುವವರು ಜಾಸ್ತಿ.

ತೋಟದ ಆ ಪ್ರೋಗ್ರಾಂ ಡಾಟ್‌ನೆಟ್‌ನಲ್ಲಿ 'ಎನಿ ಸಿಪಿಯು' ಅಂತ, ಅಂದರೆ ವಿಂಡೋಸ್ ಎಷ್ಟು ಬಿಟ್ಟೋ ಅಷ್ಟೇ ಆಗಿ ಓಡುವಂತೆ, ಕಟ್ಟಿದ್ದು. ಹಳೇ ಕಂಪ್ಯೂಟರ್ 32 ಬಿಟ್ ವಿಂಡೋಸ್ 7, ಅಲ್ಲಿ ಅದು 32 ಬಿಟ್ ಆಗಿ ಓಡುತ್ತಿತ್ತು. ಹೊಸ ಲ್ಯಾಪ್‌ಟಾಪ್ 64 ಬಿಟ್, ಅಲ್ಲಿ 64 ಆಗಿ ಓಡಿತು. ಜೆಟ್ ಅಲ್ಲಿಲ್ಲ. ಸೋರ್ಸ್ ಕೋಡ್ ಇದ್ದಿದ್ದರೆ 'ಎಕ್ಸ್86', ಅಂದರೆ 32 ಬಿಟ್, ಅಂತ ಬದಲಿಸಿ ಮತ್ತೆ ಕಟ್ಟಬಹುದಿತ್ತು. ಬರೆದ ಹುಡುಗ ಊರು ಬಿಟ್ಟಿದ್ದ, ಕೋಡ್ ಯಾರ ಹತ್ತಿರವೂ ಇರಲಿಲ್ಲ. ಮೈಕ್ರೋಸಾಫ್ಟ್‌ನ ಕಾರ್‌ಫ್ಲ್ಯಾಗ್ಸ್ ಅಂತ ಒಂದು ಪುಟ್ಟ ಸಾಧನ ಇದೆ, ಅದು ಎಕ್ಸಿ ಫೈಲಿನೊಳಗಿನ ಒಂದು ಗುರುತನ್ನು ಬದಲಿಸಿ 'ನೀನು 32 ಬಿಟ್ ಆಗಿಯೇ ಓಡು' ಅಂತ ಹೇಳುತ್ತದೆ. ಎಕ್ಸಿಯ ಒಂದು ಕಾಪಿ ಎತ್ತಿಟ್ಟು ಅದನ್ನು ಓಡಿಸಿದೆ. ಎರಡು ನಿಮಿಷದ ಕೆಲಸ. ಚೆಕ್‌ರೋಲ್ ತೆರೆಯಿತು, ಬಟವಾಡೆ ಆಯ್ತು.

ಇಲ್ಲೇ ಇನ್ನೊಂದು ಗೊಂದಲ ಹೇಳಿಬಿಡುತ್ತೇನೆ. ಡೇಟಾಬೇಸ್ ತಲುಪುವ ಇನ್ನೊಂದು ವ್ಯವಸ್ಥೆ ಓಡಿಬಿಸಿ. ಅದರ ಸೆಟ್ಟಿಂಗ್ ತೆರೆಯುವ ಸಾಧನ 64 ಬಿಟ್ ವಿಂಡೋಸಿನಲ್ಲಿ ಎರಡಿದೆ. ಎರಡರ ಫೈಲ್ ಹೆಸರೂ ಓಡಿಬಿಸಿಎಡಿ32. ಸಿಸ್ಟಂ32 ಫೋಲ್ಡರಿನಲ್ಲಿ ಇರುವುದು 64 ಬಿಟ್ಟಿನದ್ದು, ಸಿಸ್‌ವಾವ್64 ಫೋಲ್ಡರಿನಲ್ಲಿ ಇರುವುದು 32 ಬಿಟ್ಟಿನದ್ದು. ಹೆಸರು ನೋಡಿದರೆ ಉಲ್ಟಾ ಅನ್ನಿಸುತ್ತದೆ, ಆದರೆ ಇರುವುದು ಹಾಗೆಯೇ. ಒಂದರಲ್ಲಿ ಮಾಡಿದ ಸಿಸ್ಟಂ ಡಿಎಸ್ಎನ್, ಅಂದರೆ ಹೆಸರು ಕೊಟ್ಟು ಉಳಿಸಿಟ್ಟ ಕನೆಕ್ಷನ್ ವಿವರ, ಇನ್ನೊಂದರಲ್ಲಿ ಕಾಣುವುದಿಲ್ಲ. 'ಡಿಎಸ್ಎನ್ ಕಣ್ಣೆದುರೇ ಇದೆ, ಪ್ರೋಗ್ರಾಂ ಮಾತ್ರ ಇಲ್ಲ ಅಂತಿದೆ' ಅಂತ ಯಾರಾದರೂ ಹೇಳಿದರೆ ನೀವು ಮೊದಲು ಇದನ್ನೇ ನೋಡಬೇಕು.

ಈಗ ನನಗೆ ತುಂಬಾ ಇಷ್ಟದ ಒಂದು ಉಪಾಯ. ಡೆಸ್ಕ್‌ಟಾಪ್ ಮೇಲೆ ಒಂದು ಖಾಲಿ ಟೆಕ್ಸ್ಟ್ ಫೈಲ್ ಮಾಡಿ. ಅದರ ಕೊನೆಯ ಟಿಎಕ್ಸ್‌ಟಿ ತೆಗೆದು ಯುಡಿಎಲ್ ಅಂತ ಹಾಕಿ. ಫೈಲಿನ ಚಿತ್ರವೇ ಬದಲಾಗುತ್ತದೆ. ಡಬಲ್ ಕ್ಲಿಕ್ ಮಾಡಿದರೆ 'ಡೇಟಾ ಲಿಂಕ್ ಪ್ರಾಪರ್ಟೀಸ್' ಅನ್ನುವ ಕಿಟಕಿ ಬರುತ್ತದೆ. ಮೊದಲ ಟ್ಯಾಬಿನಲ್ಲಿ ಆ ಕಂಪ್ಯೂಟರಿನಲ್ಲಿರುವ ಪ್ರೊವೈಡರ್‌ಗಳ ಪಟ್ಟಿ, ಎರಡನೆಯದರಲ್ಲಿ ಸರ್ವರ್ ಅಥವಾ ಫೈಲಿನ ಹೆಸರು, ಕೆಳಗೆ 'ಟೆಸ್ಟ್ ಕನೆಕ್ಷನ್' ಬಟನ್. ಅದು ಪಾಸಾದ ಮೇಲೆ ಓಕೆ ಒತ್ತಿ, ಅದೇ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಸರಿಯಾದ ಸ್ಟ್ರಿಂಗ್ ಅಚ್ಚುಕಟ್ಟಾಗಿ ಬರೆದು ಕೂತಿರುತ್ತದೆ! ನಿಮ್ಮ ಪ್ರೋಗ್ರಾಮನ್ನು ಮುಟ್ಟದೆ, ಕೋಡ್ ನೋಡದೆ, ತಪ್ಪು ಪ್ರೋಗ್ರಾಮಿನದೋ ದಾರಿಯದೋ ಅಂತ ಬೇರೆ ಮಾಡಬಹುದು. ಒಂದು ಎಚ್ಚರ: ಡಬಲ್ ಕ್ಲಿಕ್ ಮಾಡಿದಾಗ 64 ಬಿಟ್ ವಿಂಡೋಸ್ ಅದನ್ನು 64 ಬಿಟ್ ಆಗಿಯೇ ತೆರೆಯುತ್ತದೆ, ಅದಕ್ಕೇ ಪಟ್ಟಿಯಲ್ಲಿ ಜೆಟ್ ಇರುವುದಿಲ್ಲ. 32 ಬಿಟ್ ಪ್ರೋಗ್ರಾಮಿನ ಪರವಾಗಿ ಪರೀಕ್ಷೆ ಮಾಡುವುದಾದರೆ ಸಿಸ್‌ವಾವ್64 ಒಳಗಿನ ರನ್‌ಡಿಎಲ್ಎಲ್32 ಮೂಲಕ ತೆರೆಯಬೇಕು. ಪಾಸ್‌ವರ್ಡ್ ಉಳಿಸು ಅಂತ ಗುರುತು ಹಾಕಿದ್ದರೆ ಅದು ಯಾರು ಬೇಕಾದರೂ ಓದುವಂತೆ ಫೈಲಿನಲ್ಲಿ ಉಳಿಯುತ್ತದೆ. ಕೆಲಸ ಆದ ಮೇಲೆ ಫೈಲ್ ಅಳಿಸಿ.

ಮುಂದಿನದು ಡೇಟಾ ಸೋರ್ಸ್, ಅಂದರೆ ದಾರಿ. ನಮ್ಮ ಕಡೆಯ ಆಫೀಸುಗಳಲ್ಲಿ ಒಂದು ಕಂಪ್ಯೂಟರಿನಲ್ಲಿ ಎಂಡಿಬಿ ಇಟ್ಟು ಉಳಿದವರಿಗೆ ಝಡ್ ಡ್ರೈವ್ ಅಂತ ಮ್ಯಾಪ್ ಮಾಡಿಕೊಡುತ್ತೇವೆ. ಆ ಝಡ್ ಇಡೀ ಕಂಪ್ಯೂಟರಿಗೆ ಸೇರಿದ್ದಲ್ಲ, ಲಾಗಿನ್ ಆದ ಯೂಸರ್‌ಗೆ ಸೇರಿದ್ದು. ಬೇರೆಯವರು ಲಾಗಿನ್ ಆದರೆ ಝಡ್ ಇಲ್ಲ. ಇನ್ನೂ ಒಂದು ಇದೆ. ಏನೇ ಆದರೂ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಕೊಡುವ ಅಭ್ಯಾಸ ನಮಗೆಲ್ಲ ಇದೆಯಲ್ಲ, ಹಾಗೆ ಕೊಟ್ಟಾಗಲೂ ಸಾಮಾನ್ಯವಾಗಿ ಆ ಝಡ್ ಕಾಣುವುದಿಲ್ಲ, ಯಾಕೆಂದರೆ ವಿಂಡೋಸ್ ಅದನ್ನು ಬೇರೆ ಲಾಗಿನ್ ಅಂತಲೇ ಲೆಕ್ಕ ಹಿಡಿಯುತ್ತದೆ. ಮದ್ದು ಕೊಟ್ಟಿದ್ದೇ ರೋಗ ಆದ ಹಾಗೆ. ಹಾಗಾಗಿ ಎರಡು ಬ್ಯಾಕ್‌ಸ್ಲ್ಯಾಷ್ ಹಾಕಿ, ಸರ್ವರ್ ಹೆಸರು, ಶೇರ್ ಹೆಸರು ಅಂತ ಪೂರ್ತಿ ದಾರಿ ಬರೆಯಿರಿ.

ಆ ಫೋಲ್ಡರಿಗೆ ಬರೆಯುವ ಅನುಮತಿಯೂ ಬೇಕು. ಎಂಡಿಬಿ ತೆರೆದ ಕೂಡಲೇ ಪಕ್ಕದಲ್ಲಿ ಎಲ್‌ಡಿಬಿ ಅನ್ನುವ ಲಾಕ್ ಫೈಲ್ ಹುಟ್ಟುತ್ತದೆ, ಎಲ್ಲರೂ ಮುಚ್ಚಿದಾಗ ಅಳಿಯುತ್ತದೆ. ಅದನ್ನು ಹುಟ್ಟಿಸಲು ಆಗದಿದ್ದರೆ ಒಬ್ಬರ ಜೊತೆ ಇನ್ನೊಬ್ಬರು ಕೆಲಸ ಮಾಡಲು ಆಗುವುದಿಲ್ಲ.

ದಾರಿ ಪೂರ್ತಿ ಬರೆಯದೆ ಬರೀ 'ಚೆಕ್‌ರೋಲ್.ಎಂಡಿಬಿ' ಅಂತ ಬಿಟ್ಟರೆ? ಪ್ರೋಗ್ರಾಂ ಆ ಹೊತ್ತಿಗೆ ಯಾವ ಫೋಲ್ಡರಿನಲ್ಲಿ ನಿಂತಿದೆಯೋ ಅಲ್ಲಿ ಹುಡುಕುತ್ತದೆ. ಒಂದು ಕಡೆ ವಿಬಿ6 (ವಿಶುವಲ್ ಬೇಸಿಕ್ 6) ಪ್ರೋಗ್ರಾಂ ಬೆಳಿಗ್ಗೆ ಸರಿಯಾಗಿ ಓಡುತ್ತಿತ್ತು, ಮಧ್ಯಾಹ್ನ 'ಫೈಲ್ ಸಿಗುತ್ತಿಲ್ಲ' ಅನ್ನುತ್ತಿತ್ತು. ನೆಟ್‌ವರ್ಕ್ ಕೇಬಲ್ ಎರಡು ಸಲ ಬದಲಿಸಿದ್ದರು. ನಾನು ಪಕ್ಕದಲ್ಲಿ ಕೂತು ಅವರು ಏನೇನು ಮಾಡುತ್ತಾರೆ ಅಂತ ನೋಡಿದೆ. ಮಧ್ಯಾಹ್ನ ಬ್ಯಾಕಪ್ ತೆಗೆಯಲು ಫೈಲ್ ಆರಿಸುವ ಕಿಟಕಿ ತೆರೆದು ಪೆನ್‌ಡ್ರೈವಿಗೆ ಹೋಗುತ್ತಿದ್ದರು. ಆ ಕಿಟಕಿ ಪ್ರೋಗ್ರಾಂ ನಿಂತ ಫೋಲ್ಡರನ್ನೇ ಬದಲಿಸುತ್ತದೆ, ಬದಲಿಸಬೇಡ ಅಂತ ನಾವು ಹೇಳದಿದ್ದರೆ! ಪೆನ್‌ಡ್ರೈವಿನಲ್ಲಿ ನಿಂತು ಚೆಕ್‌ರೋಲ್ ಹುಡುಕಿದರೆ ಎಲ್ಲಿ ಸಿಗುತ್ತದೆ? ಪ್ರೋಗ್ರಾಂ ಇರುವ ಫೋಲ್ಡರನ್ನು ಹೇಳುವ ಆಪ್.ಪಾತ್ ಸೇರಿಸಿ ಬರೆದಾಗ ಸರಿಹೋಯ್ತು.

ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್ ಬಳಸುವವರು ಇನ್ನೂ ಜಾಗ್ರತೆಯಿಂದಿರಿ. ದಾರಿ ತಪ್ಪಿದ್ದರೂ, ಆ ಫೋಲ್ಡರ್ ಒಂದಿದ್ದರೆ, ಅದು ಸಾಮಾನ್ಯವಾಗಿ ಫೈಲ್ ಇಲ್ಲ ಅನ್ನುವುದಿಲ್ಲ, ಹೇಳಿದ ಜಾಗದಲ್ಲಿ ಹೊಸ ಖಾಲಿ ಫೈಲ್ ಮಾಡಿಬಿಡುತ್ತದೆ. ನಿಮಗೆ ಕಾಣುವುದು 'ಅಂಥ ಟೇಬಲ್ ಇಲ್ಲ' ಅನ್ನುವ ತಪ್ಪು. ಟೇಬಲ್ ಯಾರು ಅಳಿಸಿದರು ಅಂತ ಹುಡುಕಬೇಡಿ. ಆ ಫೈಲಿನ ಸೈಜ್ ನೋಡಿ, ಸೊನ್ನೆ ಇದ್ದರೆ ಗೊತ್ತಾಯ್ತಲ್ಲ.

ಒಂದೇ ಕಂಪ್ಯೂಟರ್, ಒಂದೇ ಪ್ರೋಗ್ರಾಂ, ಅಣ್ಣ ಲಾಗಿನ್ ಆದರೆ ಒಂದು ಲೆಕ್ಕ, ತಮ್ಮ ಲಾಗಿನ್ ಆದರೆ ಇನ್ನೊಂದು ಲೆಕ್ಕ. ಒಂದು ಮನೆಯಲ್ಲಿ ಇದೇ ವಿಷಯಕ್ಕೆ ಮಾತು ಬೆಳೆದಿತ್ತು. ಹಳೇ ಪ್ರೋಗ್ರಾಮನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಹಾಕಿ ಎಂಡಿಬಿಯನ್ನೂ ಅಲ್ಲೇ ಇಟ್ಟಿದ್ದರು. ವಿಸ್ಟಾದಿಂದ ಈಚೆಗೆ ವಿಂಡೋಸ್ ಅಲ್ಲಿ ಬರೆಯಲು ಬಿಡುವುದಿಲ್ಲ. ಹಳೇ ಪ್ರೋಗ್ರಾಂ ಬರೆಯಲು ಹೋದರೆ ತಡೆಯುವ ಬದಲು ಆ ಯೂಸರ್‌ನ ಆಪ್‌ಡೇಟಾ ಒಳಗೆ ವರ್ಚುವಲ್‌ಸ್ಟೋರ್ ಅನ್ನುವ ಕಡೆ ಒಂದು ಕಾಪಿ ಮಾಡಿ ಅದಕ್ಕೆ ಬರೆಸುತ್ತದೆ. ಅಣ್ಣನಿಗೊಂದು ಕಾಪಿ, ತಮ್ಮನಿಗೊಂದು ಕಾಪಿ. ಇಬ್ಬರೂ ಹಾಕಿದ ಲೆಕ್ಕ ನಿಜವೇ. ಒಬ್ಬರ ಮೇಲೊಬ್ಬರು ಅನುಮಾನ ಪಟ್ಟಿದ್ದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ. ಡೇಟಾವನ್ನು ಬೇರೆ ಫೋಲ್ಡರಿಗೆ ತಂದು, ಎರಡು ಕಾಪಿಯ ಎಂಟ್ರಿಗಳನ್ನು ಒಂದೊಂದಾಗಿ ಸೇರಿಸಲು ಎರಡು ದಿನ ಹಿಡಿಯಿತು.

ಕಾಲೇಜಿನವರಿಗೆ ಒಂದು ಮಾತು. ನಿಮ್ಮ ಪ್ರಾಜೆಕ್ಟಿನಲ್ಲಿ 'ಸೇವ್ ಆಯ್ತು' ಅಂತ ಬರುತ್ತದೆ, ಮತ್ತೆ ರನ್ ಮಾಡಿದರೆ ಡೇಟಾ ಇಲ್ಲ. ಹೌದಲ್ವಾ? ವಿಶುವಲ್ ಸ್ಟುಡಿಯೋ ಪ್ರತಿ ಸಲ ಬಿಲ್ಡ್ ಮಾಡುವಾಗ ಪ್ರಾಜೆಕ್ಟ್ ಫೋಲ್ಡರಿನ ಡೇಟಾಬೇಸನ್ನು ಬಿನ್, ಡೀಬಗ್ ಒಳಗೆ ಕಾಪಿ ಮಾಡುತ್ತಿರುತ್ತದೆ. ನೀವು ಬರೆದದ್ದು ಆ ಕಾಪಿಗೆ. ಮುಂದಿನ ಬಿಲ್ಡ್ ಅದರ ಮೇಲೆ ಖಾಲಿಯದನ್ನು ಹಾಕುತ್ತದೆ. 'ಕಾಪಿ ಟು ಔಟ್‌ಪುಟ್ ಡೈರೆಕ್ಟರಿ' ಎದುರು 'ಕಾಪಿ ಆಲ್ವೇಸ್' ಇದ್ದರೆ 'ಕಾಪಿ ಇಫ್ ನ್ಯೂಯರ್' ಮಾಡಿ.

ಮೈಕ್ರೋಸಾಫ್ಟ್‌ನ ದೊಡ್ಡ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ ಬಗ್ಗೆ ಬೇಗ ಹೇಳುತ್ತೇನೆ. ಅದರ ಉಚಿತ ಆವೃತ್ತಿ ಎಕ್ಸ್‌ಪ್ರೆಸ್ ಹಾಕಿದಾಗ ಟಿಸಿಪಿಐಪಿ, ಅಂದರೆ ನೆಟ್‌ವರ್ಕಿನಿಂದ ಬರುವ ದಾರಿ, ಮುಚ್ಚಿರುತ್ತದೆ. ಅದೇ ಕಂಪ್ಯೂಟರಿನಲ್ಲಿ ಓಡುತ್ತದೆ, ಪಕ್ಕದ್ದರಿಂದ ಓಡುವುದಿಲ್ಲ. ತಪ್ಪಿನ ನಂಬರ್ ನೋಡಿ. 26 ಬಂದರೆ ಇನ್‌ಸ್ಟೆನ್ಸ್ (ಓಡುತ್ತಿರುವ ಎಸ್‌ಕ್ಯೂಎಲ್ ಸರ್ವರ್) ಎಲ್ಲಿದೆ ಅಂತಲೇ ಗೊತ್ತಾಗಿಲ್ಲ: ಹೆಸರು ತಪ್ಪಿರಬಹುದು, ಅದನ್ನು ಹುಡುಕಿಕೊಡುವ ಎಸ್‌ಕ್ಯೂಎಲ್ ಸರ್ವರ್ ಬ್ರೌಸರ್ ಸರ್ವೀಸ್ ನಿಂತಿರಬಹುದು, ಫೈರ್‌ವಾಲ್ ಯುಡಿಪಿ 1434 ತಡೆದಿರಬಹುದು. ಸರ್ವರ್ ಹೆಸರು ಆದ ಮೇಲೆ ಕಾಮಾ ಹಾಕಿ ಪೋರ್ಟ್ ನಂಬರ್ ಬರೆದರೆ ಬ್ರೌಸರ್ ಬೇಕಾಗುವುದಿಲ್ಲ. ಕೋಲನ್ ಹಾಕಬೇಡಿ, ಕಾಮಾ. 18456 ಬಂದರೆ ನನಗೆ ಸಮಾಧಾನ ಆಗುತ್ತದೆ. ಬಾಗಿಲು ತಟ್ಟಿದ್ದೂ ಆಯ್ತು, ಒಳಗಿನವರು ಮಾತಾಡಿದ್ದೂ ಆಯ್ತು, ಗುರುತು ಒಪ್ಪಿಲ್ಲ ಅಷ್ಟೇ. ನಮಗೆ ಕಾಣುವ ಸಂದೇಶದಲ್ಲಿ ಸ್ಟೇಟ್ 1 ಅಂತಿರುತ್ತದೆ, ನಿಜವಾದ ನಂಬರ್ ಸರ್ವರಿನ ಎರರ್ ಲಾಗಿನಲ್ಲಿ ಇರುತ್ತದೆ. ಅಲ್ಲಿ 5 ಇದ್ದರೆ ಆ ಹೆಸರಿನ ಲಾಗಿನ್ ಇಲ್ಲ, 8 ಇದ್ದರೆ ಪಾಸ್‌ವರ್ಡ್ ತಪ್ಪು.

ಇತ್ತೀಚೆಗೆ ಇನ್ನೊಂದು ಜಾಸ್ತಿ ಬರುತ್ತಿದೆ. ಎಸ್‌ಕ್ಯೂಎಲ್ ಸರ್ವರಿನ ಓಡಿಬಿಸಿ ಡ್ರೈವರ್ 17 ತೆಗೆದು 18 ಹಾಕಿದ ಕೂಡಲೇ ಸರ್ಟಿಫಿಕೇಟ್ ನಂಬಲು ಆಗುವುದಿಲ್ಲ ಅಂತ ನಿಲ್ಲುತ್ತದೆ. 18ರಿಂದ ಎನ್‌ಕ್ರಿಪ್ಟ್ (ಹೋಗಿಬರುವ ಡೇಟಾವನ್ನು ಬೇರೆಯವರು ಓದದಂತೆ ಮಾಡುವುದು) ತಾನಾಗಿಯೇ ಆನ್ ಇರುತ್ತದೆ. ಸರ್ವರಿಗೆ ಸರಿಯಾದ ಸರ್ಟಿಫಿಕೇಟ್ ಹಾಕುವುದೇ ಸರಿ ದಾರಿ. ಆಫೀಸಿನೊಳಗಿನ ನೆಟ್‌ವರ್ಕಿನಲ್ಲಿ ಸದ್ಯಕ್ಕೆ 'ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್' ಯೆಸ್ ಅಂತ ಸೇರಿಸಿ ಕೆಲಸ ನಡೆಸಬಹುದು.

ಆ ಆಲ್ದೂರು ಕಡೆಯ ತೋಟಕ್ಕೆ ಮತ್ತೆ ಬರುತ್ತೇನೆ. ಹೊರಡುವ ಮೊದಲು ಒಂದು ಹಾಳೆಯಲ್ಲಿ ಕೈಯಲ್ಲೇ ಬರೆದೆ: ಸ್ಟ್ರಿಂಗ್, ಪಾಸ್‌ವರ್ಡ್ ಬಿಟ್ಟು. ಪ್ರೋಗ್ರಾಂ 32 ಬಿಟ್. ಡೇಟಾ ಇರುವ ಪೂರ್ತಿ ದಾರಿ. ಯಾವ ಯೂಸರ್ ಲಾಗಿನ್. ರೈಟರ್ ಅದನ್ನು ಚೆಕ್‌ರೋಲ್ ಪುಸ್ತಕದ ಹಿಂದಿನ ರಟ್ಟಿಗೆ ಗೋಂದು ಹಚ್ಚಿ ಅಂಟಿಸಿದರು. ಮುಂದಿನ ವರ್ಷದ ಮಳೆಗಾಲದಲ್ಲಿ ಅವರದೇ ಫೋನ್ ಬಂತು. 'ಸಾರ್, ಹಾಳೆ ನೋಡ್ತಾ ಇದ್ದೀನಿ, ದಾರಿಯಲ್ಲಿ ಬರೆದಿರೋ ಕಂಪ್ಯೂಟರ್ ಹೆಸರು ಬೇರೆ, ಈಗಿನ ಹೆಸರು ಬೇರೆ. ಮೊನ್ನೆ ಯಾರೋ ಹೆಸರು ಬದಲಿಸಿದ್ದಾರೆ, ಅದೇನಾ?' ಅಂದರು. ಅದೇ ಆಗಿತ್ತು. ಸ್ಟ್ರಿಂಗಿನಲ್ಲಿ ಹೆಸರು ತಿದ್ದಿ, ಫೋನ್ ಹಿಡಿದುಕೊಂಡೇ ತೆರೆದು ನೋಡಿದರು. ಜಗಲಿಯ ಮೇಲೆ ಹೆಂಗಸರು ಮಾತಾಡುವುದು ನನಗೆ ಫೋನಿನಲ್ಲೇ ಕೇಳುತ್ತಿತ್ತು.

ಟೀ ಆದ ಮೇಲೆ ನಿಮ್ಮ ಲ್ಯಾಪ್‌ಟಾಪ್ ತನ್ನಿ, ತಪ್ಪಿನ ಸಂದೇಶ ಮುಚ್ಚದೆ ಹಾಗೇ ಇಟ್ಟುಕೊಂಡು ಬನ್ನಿ. ಒಟ್ಟಿಗೆ ಕೂತು ನೋಡೋಣ.