ಈಪರ್ ಗೋಡೆ ಮೇಲೊಬ್ಬ ಹವಾಲ್ದಾರ್

ಈ ವಿಡಿಯೋದಲ್ಲಿ ಈಗ ನೀವು ನೋಡ್ತಿರೋದು ನಮ್ಮಪ್ಪನ ಅಂಗೈ. ಅದರಲ್ಲಿರೋದು ಗೋಲಿ ಅಲ್ಲ. ಗೋಲಿಗಿಂತ ಒಂಚೂರು ಚಿಕ್ಕದು, ಬೂದಿ ಬಣ್ಣ, ಮೈಯೆಲ್ಲ ತರಿತರಿ. ಸೀಸದ ಗುಂಡು. ಬ್ರಿಟಿಷರ 18 ಪೌಂಡರ್ ಫಿರಂಗಿಯ ಒಂದು ಶ್ರಾಪ್ನೆಲ್ ಶೆಲ್ಲಿನೊಳಗೆ ಇಂಥವು ಸುಮಾರು 375 ತುಂಬಿರ್ತಿದ್ವು. ಆ ಶೆಲ್ಲು ನೆಲಕ್ಕೆ ಬಿದ್ದು ಸಿಡಿಯೋದಲ್ಲ, ತಲೆ ಮೇಲೆ ಗಾಳಿಯಲ್ಲೇ ಬಾಯಿ ಬಿಟ್ಟು ಇವನ್ನ ಆಲಿಕಲ್ಲಿನ ಹಾಗೆ ಸುರಿಸೋದು. ಅಪ್ಪ ಅದನ್ನ ಎರಡು ಸಲ ಮೇಲೆ ಹಾರಿಸಿ ಹಿಡಿದು, "ಹತ್ತು ಹನ್ನೊಂದು ಗ್ರಾಂ ಇದೆ" ಅಂದ್ರು. ಗೈಡ್ ಹುಬ್ಬೇರಿಸಿ ಇವರನ್ನ ಒಂದ್ಸಲ ನೋಡಿದ. ಸರಿಯಾಗೇ ಹೇಳಿದ್ರು.

ಅಪ್ಪ ಮಿಲಿಟ್ರಿಯವರು. ಬೆಂಗಳೂರಲ್ಲಿ ಹಲಸೂರು ಕೆರೆ ಪಕ್ಕ ಎಂಇಜಿ ಇದೆಯಲ್ಲ, ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದ್ರೆ ಮದ್ರಾಸ್ ಸ್ಯಾಪರ್ಸ್, ಅಲ್ಲಿಂದ ಹೊರಟು ದೇಶವೆಲ್ಲ ಸುತ್ತಿ ಹವಾಲ್ದಾರ್ ಆಗಿ ರಿಟೈರ್ ಆದವರು. ಸ್ಯಾಪರ್ ಅಂದ್ರೆ ಸೇತುವೆ ಕಟ್ಟೋರು, ಮೈನ್ ಹೂಳೋರು, ಬೇರೆಯವರು ಹೂತ ಮೈನ್ ತೆಗೆಯೋರು. ಈಗ ಅರಕಲಗೂಡಿನ ಹತ್ರ ತೋಟ ನೋಡ್ಕೊಂಡಿದ್ದಾರೆ. ನಾನು ಕೆಲಸ ಮಾಡೋದು ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ. ಎರಡು ತಿಂಗಳಿಗೆ ಅಂತ ಕರೆಸ್ಕೊಂಡೆ. ಆಮ್‌ಸ್ಟರ್‌ಡ್ಯಾಮ್ ತೋರಿಸ್ದೆ, ಟುಲಿಪ್ ತೋಟ ತೋರಿಸ್ದೆ. ಎಲ್ಲದಕ್ಕೂ "ಚೆನ್ನಾಗಿದೆ" ಅಂದ್ರು. ನಮ್ಮಪ್ಪ ಚೆನ್ನಾಗಿದೆ ಅಂದ್ರೆ ಆ ವಿಷಯ ಅಲ್ಲಿಗೆ ಮುಗೀತು ಅಂತ ಅರ್ಥ. ಅದಕ್ಕೇ ಗಡಿ ದಾಟಿ ಬೆಲ್ಜಿಯಂಗೆ ಕರ್ಕೊಂಡು ಬಂದೆ. ಬ್ರೂಜ್‌ನಿಂದ ಹೊರಡೋ ಎಂಟು ಸೀಟಿನ ವ್ಯಾನ್, ಒಂದು ದಿನದ ಟೂರು, ಮೊದಲ ಮಹಾಯುದ್ಧದ ರಣರಂಗ, ಕೊನೆಗೆ ಈಪರ್ ಊರು.

ವ್ಯಾನು ಇಪ್ಪತ್ತೈದು ನಿಮಿಷ ಲೇಟಾಗಿ ಬಂತು. ಸಸ್ಯಾಹಾರಿ ಊಟ ಅಂತ ಬರೆದಿದ್ದಕ್ಕೆ ಚೀಸ್ ತುರುಕಿದ ಬ್ರೆಡ್ ಕೊಟ್ರು. ದೂರು ಇಷ್ಟೇ. ಅಪ್ಪ ಬ್ಯಾಗಿಂದ ಕೋಡುಬಳೆ ಡಬ್ಬಿ ತೆಗೆದು ವ್ಯಾನಿನಲ್ಲಿದ್ದವರಿಗೆಲ್ಲ ಹಂಚಿದ್ರು. ಆಸ್ಟ್ರೇಲಿಯಾದ ಒಂದು ಜೋಡಿ, ಕೆನಡಾದ ಅಕ್ಕತಂಗಿ, ಒಬ್ಬರೇ ಬಂದಿದ್ದ ಒಬ್ಬ ಇಂಗ್ಲಿಷ್ ಅಜ್ಜ. ಮೂರು ಕಡೆಯವರೂ ಅವರವರ ಮನೆತನದ ಒಂದೊಂದು ಹೆಸರು ಹುಡುಕ್ಕೊಂಡು ಬಂದಿದ್ರು. "ನೀವು ಯಾರನ್ನ ಹುಡುಕ್ತಿದೀರಿ?" ಅಂತ ಅಜ್ಜ ಕೇಳಿದಾಗ ಅಪ್ಪ, "ಗೊತ್ತಿಲ್ಲ, ನೋಡ್ತೀನಿ" ಅಂದ್ರು.

ಇದು ಲಾಂಗೆಮಾರ್ಕ್, ಜರ್ಮನ್ ಸ್ಮಶಾನ. ನಾನು ಬಣ್ಣ ತೆಗೆದು ಎಡಿಟ್ ಮಾಡಿಲ್ಲ, ಆ ಜಾಗ ಇರೋದೇ ಹೀಗೆ. ಓಕ್ ಮರಗಳ ನೆರಳು, ನೆಲಕ್ಕೆ ಮಲಗಿಸಿದ ಕಪ್ಪು ಕಲ್ಲು. 44,000ಕ್ಕೂ ಹೆಚ್ಚು ಜನ ಇಲ್ಲಿದ್ದಾರೆ, ಅದರಲ್ಲಿ ಸುಮಾರು 25,000 ಜನ ಒಂದೇ ಗುಂಡಿಯಲ್ಲಿ. ಹಿಂದುಗಡೆ ನಾಲ್ಕು ಕಂಚಿನ ಸೈನಿಕರು ತಲೆ ತಗ್ಗಿಸಿ ನಿಂತಿದ್ದಾರಲ್ಲ, ದೂರದಿಂದ ನಿಜವಾಗಿ ಯಾರೋ ಬಂದು ನಿಂತಿದ್ದಾರೆ ಅಂದ್ಕೊಂಡೆ. ಇಂಗ್ಲಿಷ್ ಅಜ್ಜ ಇಲ್ಲಿ ಟೋಪಿ ತೆಗೆದ್ರು. ಅದನ್ನ ಶೂಟ್ ಮಾಡ್ಲಿಲ್ಲ.

ಅಲ್ಲಿಂದ ಟೈನ್ ಕಾಟ್. ಇಲ್ಲಿ ಎಲ್ಲ ಬಿಳಿ. ಕಾಮನ್‌ವೆಲ್ತ್ ಯುದ್ಧ ಸ್ಮಶಾನಗಳಲ್ಲೆಲ್ಲ ಪ್ರಪಂಚಕ್ಕೇ ದೊಡ್ಡದು, ಹತ್ತಿರ ಹತ್ತಿರ 12,000 ಸಮಾಧಿ. ಅದರಲ್ಲಿ 8,300ಕ್ಕೂ ಹೆಚ್ಚು ಕಲ್ಲುಗಳ ಮೇಲೆ ಹೆಸರೇ ಇಲ್ಲ. ಜನರಲ್ ಆಗ್ಲಿ ಸಿಪಾಯಿ ಆಗ್ಲಿ, ಎಲ್ಲರಿಗೂ ಒಂದೇ ಅಳತೆ ಕಲ್ಲು. ಮನೆಯವರು ಬೇಕಿದ್ರೆ ಕೆಳಗೆ ಒಂದು ಸಾಲು ಕೆತ್ತಿಸಬಹುದಿತ್ತು, 66 ಅಕ್ಷರ ಮೀರೋ ಹಾಗಿಲ್ಲ. ಶುರುವಿನಲ್ಲಿ ಅಕ್ಷರಕ್ಕೆ ಮೂರೂವರೆ ಪೆನ್ಸ್ ರೇಟು ಬೇರೆ ಇಟ್ಟಿದ್ರಂತೆ. ಮಗನ್ನ ಕಳ್ಕೊಂಡವಳು ಕೂತು ಅಕ್ಷರ ಎಣಿಸ್ಬೇಕು. ಇದನ್ನ ಕೇಳಿದ್ಮೇಲೆ ನಾನು ಸಾಲುಗಳನ್ನ ಓದೋದಕ್ಕಿಂತ ಎಣಿಸೋಕೇ ಶುರು ಮಾಡಿದ್ದೆ, ನಾಚಿಕೆ ಆಗತ್ತೆ ಹೇಳೋಕೆ.

ಈ ಸ್ಮಶಾನದ ನಕ್ಷೆ ಮಾಡಿದವರು ಹರ್ಬರ್ಟ್ ಬೇಕರ್. ದೆಹಲಿಯ ನಾರ್ತ್ ಬ್ಲಾಕ್, ಸೌತ್ ಬ್ಲಾಕ್ ಕಟ್ಟಿಸಿದವರೂ ಅವರೇ. ನಾನು ಅದನ್ನ ಹೇಳಿದಾಗ ಅಪ್ಪ ಒಂದು ಕ್ಷಣ ಸುತ್ತ ನೋಡಿ, "ಅದಕ್ಕೇ ನೋಡು, ಎಲ್ಲೋ ನೋಡ್ದಂಗಿದೆ ಅನ್ನಿಸ್ತಿತ್ತು" ಅಂದ್ರು. ಅವರು ಗಣರಾಜ್ಯೋತ್ಸವದ ಪರೇಡಿಗೆ ಒಂದು ಜನವರಿ ಪೂರ್ತಿ ಆ ಕಟ್ಟಡಗಳ ಮುಂದೆ ಚಳಿಯಲ್ಲಿ ಕಾಲು ಬಡಿದಿದ್ದಾರೆ.

ಮುಂದಿನ ಶಾಟ್ ನೋಡಿ. ಏನೂ ಇಲ್ಲ, ಹೊಲ, ಒಂದೆರಡು ಹಸು, ದೂರದಲ್ಲಿ ಚರ್ಚಿನ ಗೋಪುರ. ವಿಲ್ಟ್ಯೆ ಅಂತ ಪುಟ್ಟ ಹಳ್ಳಿ. ವ್ಯಾನ್ ಇಲ್ಲಿ ನಿಲ್ಲಿಸೋ ಪ್ಲಾನೇ ಇರ್ಲಿಲ್ಲ. ಅಪ್ಪನ ಸಲುವಾಗಿ ಗೈಡ್ ನಿಲ್ಲಿಸಿದ. 1915ರ ಏಪ್ರಿಲ್ 22ಕ್ಕೆ ಈ ಬಯಲಲ್ಲಿ ಜರ್ಮನ್ನರು ಕ್ಲೋರಿನ್ ಗ್ಯಾಸ್ ಬಿಟ್ರು. ನಾಲ್ಕು ದಿನ ಕಳೆದು, 26ಕ್ಕೆ, ಬ್ರಿಟಿಷರ ಪರ ಹೋರಾಡೋಕೆ ಬಂದಿದ್ದ ನಮ್ಮ ಲಾಹೋರ್ ಡಿವಿಷನ್ನಿನವರು ಇಲ್ಲಿಂದ ಎದುರಿಗೆ ಕಾಣೋ ದಿಬ್ಬದ ಕಡೆ ಹೊರಟ್ರು. 40ನೇ ಪಠಾಣ್ಸ್, 47ನೇ ಸಿಖ್ಸ್, 129ನೇ ಬಲೂಚಿಗಳು, ಗೂರ್ಖಾಗಳು. ಗ್ಯಾಸ್ ಮಾಸ್ಕ್ ಅನ್ನೋದು ಆಗ ಇಲ್ಲ. ಮೂಗಿಗೆ ಒದ್ದೆ ಬಟ್ಟೆ, ಅದೂ ಇಲ್ಲದವರಿಗೆ ಪೇಟದ ತುದಿ. ಮರೆಗೆ ಒಂದು ಬೇಲಿಯೂ ಇಲ್ಲದ ಹೊಲ. ಜಮಾದಾರ್, ಅಂದ್ರೆ ಆಗಿನ ಸೇನೆಯ ಕಿರಿಯ ಭಾರತೀಯ ಅಧಿಕಾರಿ, ಮೀರ್ ದಸ್ತ್ ತನ್ನ ಮೇಲಧಿಕಾರಿಗಳೆಲ್ಲ ಬಿದ್ದ ಮೇಲೆ ಉಳಿದವರನ್ನ ಒಟ್ಟು ಮಾಡಿ, ಗುಂಡಿನ ನಡುವೆ ಎಂಟು ಜನ ಗಾಯಾಳು ಅಧಿಕಾರಿಗಳನ್ನ ಹಿಂದಕ್ಕೆ ತರೋಕೆ ನೆರವಾದ. ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ತು. ಅದಕ್ಕೂ ಮೊದಲೇ, 1914ರ ಅಕ್ಟೋಬರ್ 31ಕ್ಕೆ, ಇಲ್ಲೇ ಸ್ವಲ್ಪ ದೂರದ ಹೊಲ್ಲೆಬೇಕೆಯಲ್ಲಿ ಮಷಿನ್ ಗನ್ ಬಿಟ್ಟು ಕದಲದ ಖುದಾದಾದ್ ಖಾನ್‌ಗೂ ಸಿಕ್ಕಿತ್ತು. ಭಾರತದ ಸೈನಿಕನೊಬ್ಬನಿಗೆ ಬಂದ ಮೊದಲ ವಿಕ್ಟೋರಿಯಾ ಕ್ರಾಸ್ ಅದು.

ಅಪ್ಪ ರಸ್ತೆ ಅಂಚಿಗೆ ಹೋಗಿ ದಿಬ್ಬವನ್ನೇ ನೋಡ್ತಾ ನಿಂತ್ರು. ದಿಬ್ಬ ಅಂತೀನಿ, ನಮ್ಮೂರಿನ ಕೆರೆ ಏರಿ ಇದಕ್ಕಿಂತ ಎತ್ತರ ಇದೆ. "ಹಗಲು ಹೊತ್ತಲ್ಲಿ ಕಳ್ಸಿದ್ರಾ?" ಅಂತ ಕೇಳಿದ್ರು. ಹೌದು, ಮಧ್ಯಾಹ್ನ ಎರಡು ಗಂಟೆಗೆ. ಮತ್ತೆ ಏನೂ ಕೇಳ್ಲಿಲ್ಲ.

ಈ ಕಡೆ ರೈತರ ಕಷ್ಟ ಇನ್ನೊಂದು ಥರ. ನೇಗಿಲಿಗೆ ಇವತ್ತಿಗೂ ಶೆಲ್ಲುಗಳು ಸಿಗ್ತವೆ, ಸಿಕ್ಕಿದ್ದನ್ನ ತಂದು ರಸ್ತೆ ಬದಿಗೆ ಇಟ್ಟು ಫೋನ್ ಮಾಡ್ತಾರೆ, ಬೆಲ್ಜಿಯಂ ಸೇನೆಯ ಬಾಂಬ್ ನಿಷ್ಕ್ರಿಯ ದಳದವರು ಬಂದು ಒಯ್ತಾರೆ. ಇದಕ್ಕೆ ಕಬ್ಬಿಣದ ಸುಗ್ಗಿ ಅಂತಾರೆ. ಅದರಲ್ಲಿ ಗ್ಯಾಸ್ ತುಂಬಿದವೂ ಇರ್ತವೆ. ಗೈಡ್ ಇದನ್ನ ಹೇಳಿದ್ದು ಹಾಲಿನ ಕ್ಯಾನ್ ಬಗ್ಗೆ ಹೇಳಿದ ಹಾಗೆ.

ಹಿಲ್ 60ಗೆ ಬಂದ ಮೇಲೆ ಅಪ್ಪನಿಗೆ ಜೀವ ಬಂತು. ಇದು ಗುಡ್ಡ ಅಲ್ಲ, ಹಿಂದೆ ರೈಲು ಹಳಿ ಹಾಕೋಕೆ ಅಗೆದ ಮಣ್ಣಿನ ಗುಡ್ಡೆ. ಆದ್ರೆ ಈ ಸಪಾಟು ಸೀಮೆಯಲ್ಲಿ ಅದೇ ಹಿಮಾಲಯ, ಅದನ್ನ ಹಿಡಿದವನಿಗೆ ಈಪರ್ ಊರು ಪೂರ್ತಿ ಕಾಣೋದು. ಜರ್ಮನ್ನರು ಮೇಲಿದ್ರೆ ಬ್ರಿಟಿಷರ ಕಡೆಯವರು ಕೆಳಗಿಂದ ಸುರಂಗ ಕೊರೆದ್ರು. ಕೆನಡಾದವರು, ಆಸ್ಟ್ರೇಲಿಯಾದವರು, ಗಣಿ ಕೆಲಸದವರು. 1917ರ ಜೂನ್ 7, ಬೆಳಗಿನ ಜಾವ 3 ಗಂಟೆ 10 ನಿಮಿಷಕ್ಕೆ ಈ ಸಾಲಿನಲ್ಲಿ, ಸುರಂಗದೊಳಗೆ ಸ್ಫೋಟಕ ತುಂಬಿಟ್ಟಿದ್ದ 19 ಮೈನ್‌ಗಳು ಸಿಡಿದವು. ಈ ಹೊಂಡ ಕಾಣ್ತಿದೆಯಲ್ಲ, ಸುತ್ತ ಮರ, ನಡುವೆ ಹಸಿರು ನೀರು, ಬಾತುಕೋಳಿ, ಇದು ಅವುಗಳಲ್ಲಿ ಒಂದು. 30 ಟನ್‌ಗೂ ಹೆಚ್ಚು ಅಮೋನಲ್ ಅನ್ನೋ ಸ್ಫೋಟಕ ಇಟ್ಟಿದ್ರು.

ಉಳಿದವರೆಲ್ಲ ಫೋಟೋ ತೆಗೀತಿದ್ರೆ ಅಪ್ಪ ಗೈಡನ್ನ ಹಿಡ್ಕೊಂಡು ಕೇಳಿದ್ದು ಒಂದೇ: "ತೆಗೆದ ಮಣ್ಣು ಎಲ್ಲಿ ಹಾಕಿದ್ರು?"

ಗೈಡ್ ಮುಖ ನೋಡ್ಬೇಕಿತ್ತು ನೀವು. ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿದವರು ಬೆರಳೆಣಿಕೆಯವರು ಅಂದ. ವಿಷಯ ಏನಂದ್ರೆ, ಮೇಲಿನ ಮಣ್ಣು ಮರಳು ಮಿಶ್ರಿತ, ಆಳದ ಜೇಡಿ ನೀಲಿ. ಮೇಲೆ ನೀಲಿ ಮಣ್ಣಿನ ಗುಡ್ಡೆ ಬಿದ್ದಿರೋದು ವಿಮಾನದಿಂದ ಕಂಡ್ರೆ ಎಷ್ಟು ಆಳ ಹೋಗಿದ್ದಾರೆ ಅನ್ನೋದು ಗೊತ್ತಾಗಿಬಿಡತ್ತೆ. ಅದಕ್ಕೆ ಮೂಟೆ ಕಟ್ಟಿ ರಾತ್ರಿ ಹೊತ್ತು ಸಾಗಿಸಿ ಮುಚ್ಚಿಡ್ತಿದ್ರು. ಅಪ್ಪ ತಲೆ ಆಡಿಸಿ, "ಕೊರೆಯೋದು ದೊಡ್ಡದಲ್ಲ, ಮಣ್ಣು ಮುಚ್ಚಿಡೋದೇ ಕೆಲಸ" ಅಂದ್ರು. ನಾನು ಅನುವಾದ ಮಾಡೋದ್ರೊಳಗೆ ಇಬ್ಬರೂ ಕೈಸನ್ನೆಯಲ್ಲೇ ಅರ್ಧ ಗಂಟೆ ಮಾತಾಡಿದ್ರು. ಸಿಡಿಯದೆ ಉಳಿದ ಮೈನ್‌ಗಳಲ್ಲಿ ಒಂದು 1955ರಲ್ಲಿ ಸಿಡಿಲು ಬಡಿದು ತಾನಾಗೇ ಸಿಡೀತಂತೆ. ಸತ್ತಿದ್ದು ಒಂದು ಹಸು.

ಇನ್ನು ಈಪರ್. ಬ್ರಿಟಿಷ್ ಸೈನಿಕರ ಬಾಯಲ್ಲಿ ಇದು 'ವೈಪರ್ಸ್' ಆಗಿತ್ತು. ಈ ಚೌಕ, ಈ ಬಟ್ಟೆ ಮಾರುಕಟ್ಟೆ ಭವನ, ಮೇಲೆ 70 ಮೀಟರಿನ ಗೋಪುರ, ನೋಡಿದ್ರೆ ಏಳುನೂರು ವರ್ಷ ಹಳೇದು ಅನ್ನಿಸತ್ತೆ. 1304ರಲ್ಲಿ ಕಟ್ಟಿ ಮುಗಿಸಿದ್ದು ನಿಜ. ಆದ್ರೆ 1914ರ ನವೆಂಬರ್ 22ಕ್ಕೆ ಶೆಲ್ ಬಿದ್ದು ಉರೀತು, ಆಮೇಲೆ ನಾಲ್ಕು ವರ್ಷ ಜಜ್ಜಿಸಿಕೊಳ್ತು. ಯುದ್ಧ ಮುಗಿದಾಗ ಕುದುರೆ ಮೇಲೆ ಕೂತವನಿಗೆ ಊರಿನ ಈ ತುದಿಯಿಂದ ಆ ತುದಿ ಕಾಣ್ತಿತ್ತಂತೆ. ಪಾಳು ಹಾಗೇ ಇರ್ಲಿ, ಅದೇ ಸ್ಮಾರಕ ಆಗ್ಲಿ ಅಂದವರು ಚರ್ಚಿಲ್. ಊರಿನವರು ವಾಪಸ್ ಬಂದು, ಸರಿ ಸ್ವಾಮಿ, ನಾವು ಎಲ್ಲಿರೋಣ ಅಂತ ಹಳೇ ನಕ್ಷೆ ಹಿಡಿದು ಕಟ್ಟೋಕೆ ಶುರು ಮಾಡಿದ್ರು. ಈ ಭವನ ಪೂರ್ತಿ ಆಗಿದ್ದು 1967ಕ್ಕೆ. ಅಪ್ಪ ಗೋಡೆ ಮೇಲೆ ಕೈಯಾಡಿಸಿ, "ಹಂಗಾದ್ರೆ ನಮ್ಮನೆ ಇದಕ್ಕಿಂತ ಹಳೇದು" ಅಂದ್ರು. ನಿಜಾನೇ, ಅಜ್ಜ ಕಟ್ಟಿಸಿದ ತೊಟ್ಟಿ ಮನೆ ಅದು.

(ಅಂದ ಹಾಗೆ, ಈ ಗೋಪುರದಿಂದ ಮೂರು ವರ್ಷಕ್ಕೊಮ್ಮೆ ಬೊಂಬೆ ಬೆಕ್ಕುಗಳನ್ನ ಕೆಳಕ್ಕೆ ಎಸೆಯೋ ಜಾತ್ರೆ ಇದೆ. 1817ರವರೆಗೆ ಜೀವಂತ ಬೆಕ್ಕನ್ನೇ ಎಸೀತಿದ್ರು. ನಾನು ಬೆಕ್ಕು ಸಾಕಿರೋಳು, ಈ ವಿಷಯದಲ್ಲಿ ಇನ್ನೇನೂ ಹೇಳಲ್ಲ.)

ಸಂಜೆ ಏಳಕ್ಕೇ ಮೆನಿನ್ ಗೇಟ್‌ಗೆ ಬಂದು ಜಾಗ ಹಿಡಿದ್ವಿ. ಸೈನಿಕರು ರಣರಂಗಕ್ಕೆ ಹೋಗ್ತಿದ್ದ ದಾರಿಯ ಮೇಲೇ 1927ರಲ್ಲಿ ಕಟ್ಟಿದ ದೊಡ್ಡ ಕಮಾನು. ಒಳಗೋಡೆ, ಮೆಟ್ಟಿಲ ಗೋಡೆ, ಹೊರಗೋಡೆ, ಎಲ್ಲ ಹೆಸರು. ಹೆಣ ಸಿಗದವರು, ಸಿಕ್ರೂ ಇವರೇ ಅಂತ ಗುರುತು ಹತ್ತದವರು, 54,000ಕ್ಕೂ ಹೆಚ್ಚು ಜನ. ಇಷ್ಟು ದೊಡ್ಡದು ಕಟ್ಟಿದ್ರೂ ಜಾಗ ಸಾಲದೆ, 1917ರ ಆಗಸ್ಟ್ 15ರ ನಂತರ ಸತ್ತ ಬ್ರಿಟನ್ನಿನ ಸೈನಿಕರನ್ನ ಟೈನ್ ಕಾಟ್ ಗೋಡೆಗೆ ಹಾಕಿದ್ರು, ಅಲ್ಲಿ ಇನ್ನೂ ಸುಮಾರು 35,000. ಆಸ್ಟ್ರೇಲಿಯಾದ ಜೋಡಿಗೆ ಅವರ ಹೆಸರು ಸಿಕ್ತು. ಆಕೆ ಕಲ್ಲಿಗೆ ಹಾಳೆ ಒತ್ತಿ ಪೆನ್ಸಿಲ್ ಉಜ್ತಿದ್ರು.

ಭಾರತದವರ ಹೆಸರುಗಳು ನಾನ್ನೂರಕ್ಕೂ ಹೆಚ್ಚಿವೆ. ಸಿಂಗ್, ಖಾನ್, ಥಾಪಾ, ಗುರುಂಗ್. ಅಪ್ಪ ಕನ್ನಡಕ ಹಣೆ ಮೇಲೇರಿಸಿ, ಕತ್ತು ಹಿಂದಕ್ಕೆ ಬಗ್ಗಿಸಿ, ತುಟಿ ಅಲ್ಲಾಡಿಸ್ತಾ ಒಂದೊಂದೇ ಓದ್ತಿದ್ರು. ಪಲ್ಟನ್ ಹೆಸರು, ಅದರ ಕೆಳಗೆ ರ‍್ಯಾಂಕು, ರ‍್ಯಾಂಕಿನ ಕೆಳಗೆ ಹೆಸರು. ಒಂದು ಕಡೆ ನಿಂತ್ರು. ನನ್ನ ತೋಳು ಹಿಡಿದು ಹತ್ರ ಎಳ್ಕೊಂಡ್ರು.

"ಅದೇನು ಬರ್ದಿದೆ ಓದು."

"ಹವಾಲ್ದಾರ್."

"ಹ್ಞೂಂ."

ಇಂಗ್ಲಿಷ್ ಅಕ್ಷರ, ಬೆಲ್ಜಿಯಂ ಗೋಡೆ. ಕಾರ್ಪೊರಲ್ಲು, ಸಾರ್ಜೆಂಟು ಅಂತ ಸಾವಿರಾರು ಸಾಲು ದಾಟಿ ಬಂದ ಮೇಲೆ, ನಮ್ಮನೆ ಗೇಟಿನ ಬೋರ್ಡಲ್ಲಿ ಅಪ್ಪನ ಹೆಸರಿನ ಹಿಂದೆ ಇರೋ ಅದೇ ಪದ. ಅದರ ಕೆಳಗೆ ನಾಯಕ್, ಆಮೇಲೆ ಸಿಪಾಯಿ, ಸಿಪಾಯಿ, ಸಿಪಾಯಿ. ಹತ್ತಿ ಬಟ್ಟೆಯ ಖಾಕಿಯಲ್ಲಿ ಮಾರ್ಸೇ ಬಂದರಿನಲ್ಲಿ ಇಳಿದು, ತಿಂಗಳೊಳಗೆ ಇಲ್ಲಿಗೆ ಬಂದವರು. ಅಪ್ಪ ಹೆಸರಿನ ಫೋಟೋ ತೆಗಿ ಅಂದ್ರು, ತೆಗ್ದೆ. ಸರಿ ಬಂದಿಲ್ಲ, ಇನ್ನೊಂದು ತೆಗಿ ಅಂದ್ರು.

ಎಂಟಕ್ಕೆ ಐದು ನಿಮಿಷ ಇರುವಾಗ ಪೊಲೀಸರು ರಸ್ತೆ ನಿಲ್ಲಿಸಿದ್ರು. ಬ್ಯೂಗಲ್ ಹಿಡಿದವರು ಬಂದು ನಡುರಸ್ತೆಯಲ್ಲಿ ನಿಂತ್ರು. ಲಾಸ್ಟ್ ಪೋಸ್ಟ್, ಸತ್ತ ಸೈನಿಕರ ಗೌರವಕ್ಕೆ ಬ್ಯೂಗಲ್‌ನಲ್ಲಿ ಊದೋ ರಾಗ. 1928ರಿಂದ ಪ್ರತಿ ರಾತ್ರಿ ಎಂಟಕ್ಕೆ, ಮಳೆ ಬರ್ಲಿ ಹಿಮ ಬೀಳ್ಲಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಊರು ಹಿಡಿದಿದ್ದಾಗ ಮಾತ್ರ ಇಲ್ಲಿ ನಿಂತಿತ್ತು. 1944ರ ಸೆಪ್ಟೆಂಬರ್ 6ಕ್ಕೆ ಪೋಲೆಂಡಿನ ಸೈನಿಕರು ಊರು ಬಿಡಿಸಿದ ದಿನ ಸಂಜೆಯೇ ಮತ್ತೆ ಊದಿದ್ರು.

ಇಲ್ಲಿ ನನ್ನ ನಿರೂಪಣೆ ನಿಲ್ಲಿಸ್ತೀನಿ, ನೀವೇ ಕೇಳಿ. ಫ್ರೇಮಿನ ಎಡಗಡೆ ಬೂದು ಸ್ವೆಟರು, ಮಂಕಿ ಕ್ಯಾಪು, ಅಪ್ಪ. ಮೊದಲ ಸ್ವರಕ್ಕೇ ಹಿಮ್ಮಡಿ ಕೂಡಿತು. ಸುತ್ತ ಎಲ್ಲರ ಕೈಯಲ್ಲೂ ಫೋನ್ ಮೇಲಕ್ಕಿದೆ, ಇವರ ಕೈ ಎರಡೂ ಪ್ಯಾಂಟಿನ ಹೊಲಿಗೆಗೆ ಅಂಟಿದೆ.

ಮುಗಿದ ಎರಡೇ ನಿಮಿಷಕ್ಕೆ ರಸ್ತೆ ಬಿಟ್ರು. ಮೊದಲು ಬಂದಿದ್ದು ಸೈಕಲ್ಲಿಗೆ ತರಕಾರಿ ಬುಟ್ಟಿ ಕಟ್ಟಿಕೊಂಡ ಒಬ್ಬ ಹೆಂಗಸು. "ದಿನಾ ಊದ್ತಾರಲ್ಲ, ಬ್ಯೂಗ್ಲರ್‌ಗೆ ಸಂಬಳ ಯಾರು ಕೊಡ್ತಾರೆ?" ಅಂತ ಅಪ್ಪ ಕೇಳಿದ್ರು. ಗೈಡ್‌ನ ಕೇಳ್ದೆ. ಸಂಬಳ ಇಲ್ವಂತೆ. ಈ ಊರಿನ ಅಗ್ನಿಶಾಮಕ ದಳದ ಸ್ವಯಂಸೇವಕರೇ ಮೊದಲಿನಿಂದ ಊದ್ಕೊಂಡು ಬಂದಿರೋದು. ಅಪ್ಪ ಇದಕ್ಕೂ ಚೆನ್ನಾಗಿದೆ ಅಂತಾರೆ ಅಂದ್ಕೊಂಡೆ, ಅನ್ನಲಿಲ್ಲ. ವ್ಯಾನಿನಲ್ಲಿ ಕೂತು ಆ ಫೋಟೋನ ಅವರ ಪಲ್ಟನ್ ವಾಟ್ಸ್‌ಆಪ್ ಗ್ರೂಪಿಗೆ ಹಾಕಿದ್ರು. ಊರಲ್ಲಿ ಆಗ ಮಧ್ಯರಾತ್ರಿ. ಆದ್ರೂ ಯಾರೋ ಒಬ್ಬರು ಎದ್ದಿದ್ರು, ಜೈ ಹಿಂದ್ ಅಂತ ಬಂತು, ಅದರ ಹಿಂದೆಯೇ ಇನ್ನೊಂದು: "ಯಾವ ಯೂನಿಟ್ಟು?"

ಅಪ್ಪ ಒಂದೊಂದೇ ಅಕ್ಷರ ಒತ್ತಿ ಟೈಪ್ ಮಾಡ್ತಿದ್ರು. ಬ್ರೂಜ್ ಬರೋವರೆಗೂ ಮುಗೀಲಿಲ್ಲ.