ದೀಪ ಉರಿಯುತ್ತಿದೆ, ಸಾಕೆಟ್ ಮಾತ್ರ ಸತ್ತಿದೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹಾಸಿಗೆ, ಅಡುಗೆಮನೆ, ಬಚ್ಚಲು ಎಲ್ಲವನ್ನೂ ಹೊತ್ತುಕೊಂಡು ಓಡಾಡುವ ಮೋಟಾರ್‌ಹೋಮ್‌ನಲ್ಲಿ ಪ್ರಯಾಣ ಮಾಡಿದವರಿಗೆ ಇಂಥದೊಂದು ಸಂಜೆಯ ಪರಿಚಯ ಇದ್ದೇ ಇರುತ್ತದೆ. ವಾಹನವನ್ನು ತಂಗುದಾಣದಲ್ಲಿ ನಿಲ್ಲಿಸಿದ್ದೀರಿ. ದಪ್ಪ ಕೇಬಲ್ಲನ್ನು ಅಲ್ಲಿನ ವಿದ್ಯುತ್ ಪೆಟ್ಟಿಗೆಗೆ ಜೋಡಿಸಿದ್ದೀರಿ. ಒಳಗೆ ಬಂದು ಸ್ವಿಚ್ ಒತ್ತಿದರೆ ದೀಪ ಹತ್ತುತ್ತದೆ. ನಲ್ಲಿ ತಿರುಗಿಸಿದರೆ ಪಂಪು ಗುರುಗುಟ್ಟಿ ನೀರು ಕೊಡುತ್ತದೆ. ನೀರು ಕಾಯಿಸೋಣವೆಂದು ಕೆಟಲ್‌ನ ಪ್ಲಗ್ಗನ್ನು ಸಾಕೆಟ್‌ಗೆ ಸಿಕ್ಕಿಸುತ್ತೀರಿ. ಏನೂ ಆಗುವುದಿಲ್ಲ. ಪಕ್ಕದ ಸಾಕೆಟ್‌ನಲ್ಲಿ ನೋಡುತ್ತೀರಿ, ಅಲ್ಲಿಯೂ ಇಲ್ಲ. ‘ದೀಪ ಉರಿಯುತ್ತಿದೆಯಲ್ಲ, ಹಾಗಾದರೆ ಕರೆಂಟ್ ಬಂದಿದೆ, ಸಾಕೆಟ್ಟೇ ಕೆಟ್ಟಿರಬೇಕು’ ಎಂದು ಸ್ಕ್ರೂಡ್ರೈವರ್ ಹುಡುಕಲು ಏಳುತ್ತೀರಿ.

ಸ್ವಲ್ಪ ತಡೆಯಿರಿ. ಆ ದೀಪದ ಸಾಕ್ಷಿಯನ್ನು ನಂಬಬೇಡಿ ಎಂದು ಹೇಳುವುದಕ್ಕೇ ನಾನು ಈ ಹೊತ್ತು ನಿಮ್ಮ ಮುಂದೆ ಬಂದಿದ್ದೇನೆ.

ಮೋಟಾರ್‌ಹೋಮ್‌ನೊಳಗೆ ಎರಡು ವಿದ್ಯುತ್ ಸಂಸಾರಗಳಿವೆ. ಒಂದು 12 ವೋಲ್ಟ್‌ನದು. ಅದು ಬ್ಯಾಟರಿಯಿಂದ ಬರುವ ಏಕಮುಖ ವಿದ್ಯುತ್ತು, ಅಂದರೆ ಡಿಸಿ. ದೀಪ, ನೀರಿನ ಪಂಪು, ಚಾವಣಿಯ ಸಣ್ಣ ಫ್ಯಾನು ಸಾಮಾನ್ಯವಾಗಿ ಇದರ ಮೇಲೆ ನಡೆಯುತ್ತವೆ. ಇನ್ನೊಂದು ಮನೆಗಳಲ್ಲಿ ಇರುವಂಥ ಎಸಿ ವಿದ್ಯುತ್ತು. ಉತ್ತರ ಅಮೆರಿಕದಲ್ಲಿ ಅದು 120 ವೋಲ್ಟ್, ಜಗತ್ತಿನ ಬಹುಪಾಲು ಕಡೆ 230 ವೋಲ್ಟ್‌ನ ಆಸುಪಾಸು. ಗೋಡೆಯ ಸಾಕೆಟ್‌ಗಳು ಈ ಎರಡನೆಯ ಸಂಸಾರಕ್ಕೆ ಸೇರಿದವು. ಹೊರಗಿನ ಕರೆಂಟ್ ಪೂರ್ತಿ ಹೋಗಿದ್ದರೂ ಬ್ಯಾಟರಿಯಲ್ಲಿ ಶಕ್ತಿ ಇರುವಷ್ಟು ಹೊತ್ತು ದೀಪ ನಿಶ್ಚಿಂತೆಯಾಗಿ ಉರಿಯುತ್ತಲೇ ಇರುತ್ತದೆ. ಎಸಿ ಇದ್ದಾಗ ಬ್ಯಾಟರಿಯನ್ನು ತುಂಬಿಸುವ ಕನ್ವರ್ಟರ್ ಎಂಬ ಉಪಕರಣವೂ ಆಗ ನಿಂತಿರುತ್ತದೆ. ಕೆಲವು ಗಂಟೆಗಳ ನಂತರ, ಬಹುಶಃ ನಡುರಾತ್ರಿಯಲ್ಲಿ, ದೀಪ ಮಂಕಾದಾಗ ಮಾತ್ರ ಸಂಜೆಯಿಂದಲೂ ಕರೆಂಟ್ ಇರಲಿಲ್ಲವೆಂಬುದು ತಿಳಿಯುತ್ತದೆ.

ಕಾಲುವೆಯ ಕೊನೆಯ ಗದ್ದೆಗೆ ನೀರು ಬರದಿದ್ದರೆ ರೈತ ಗದ್ದೆಯನ್ನು ಅಗೆಯುವುದಿಲ್ಲ. ಕಾಲುವೆಯ ದಂಡೆ ಹಿಡಿದು ತೂಬಿನವರೆಗೂ ನಡೆದು, ಎಲ್ಲಿ ತಡೆಯಾಗಿದೆ, ಎಲ್ಲಿ ಒಡೆದಿದೆ ಎಂದು ನೋಡುತ್ತಾನೆ. ಸಾಕೆಟ್ ಎನ್ನುವುದು ಕೊನೆಯ ಗದ್ದೆ. ನಾವು ತೂಬಿನಿಂದ ಹೊರಟು ಕೆಳಗೆ ಬರೋಣ.

ತೂಬು ಎಂದರೆ ತಂಗುದಾಣದ ವಿದ್ಯುತ್ ಪೆಟ್ಟಿಗೆ. ಅದರಲ್ಲಿ ಒಂದು ಬ್ರೇಕರ್, ಅಂದರೆ ಕರೆಂಟ್ ಮಿತಿ ಮೀರಿದಾಗ ತಾನಾಗಿಯೇ ಸಂಪರ್ಕ ಕಡಿಯುವ ಸ್ವಿಚ್ಚು, ಇರುತ್ತದೆ. ನಿಮಗಿಂತ ಮೊದಲು ಅಲ್ಲಿ ತಂಗಿದ್ದವರು ಅದನ್ನು ಇಳಿಸಿ ಹೋಗಿರಬಹುದು, ಅಥವಾ ಅದು ತಾನಾಗಿಯೇ ಬಿದ್ದಿರಬಹುದು. ಬ್ರೇಕರ್ ಬಿದ್ದಾಗ ಅದರ ಸನ್ನೆ ಎಷ್ಟೋ ಸಲ ಪೂರ್ತಿ ಕೆಳಗೆ ಬರುವುದಿಲ್ಲ. ನಡುವೆ ಎಲ್ಲೋ ನಿಂತು, ಮೇಲೇ ಇದೆಯೆಂಬ ಭ್ರಮೆ ಹುಟ್ಟಿಸುತ್ತದೆ. ಅದನ್ನು ಮೊದಲು ಪೂರ್ತಿಯಾಗಿ ಆಫ್ ಕಡೆಗೆ ಒತ್ತಬೇಕು, ಆಮೇಲೆ ಆನ್ ಮಾಡಬೇಕು. ನಡುವಿನಿಂದ ನೇರವಾಗಿ ಮೇಲಕ್ಕೆ ತಳ್ಳಿದರೆ ಅದು ಕಚ್ಚಿಕೊಳ್ಳುವುದಿಲ್ಲ. ಕೇಬಲ್ ಸಿಕ್ಕಿಸುವ ಮೊದಲು ಮತ್ತು ಕೀಳುವ ಮೊದಲು ಈ ಬ್ರೇಕರ್ ಆಫ್ ಆಗಿರಲಿ. ಕರೆಂಟ್ ಹರಿಯುತ್ತಿರುವ ಪ್ಲಗ್ಗನ್ನು ಕಿತ್ತಾಗಲೆಲ್ಲ ಕಿಡಿ ಹಾರಿ ಲೋಹದ ಮೈಯನ್ನು ಸ್ವಲ್ಪ ಸ್ವಲ್ಪವಾಗಿ ಸುಡುತ್ತದೆ.

ಆ ಪ್ಲಗ್ಗಿನ ಮುಖವನ್ನು ಒಮ್ಮೆ ಕಣ್ಣಿಟ್ಟು ನೋಡಿ. ಪಿನ್ನುಗಳ ಸುತ್ತ ಕಂದು ಕಲೆ, ಕರಗಿದ ಪ್ಲಾಸ್ಟಿಕ್, ಕಪ್ಪು ಹಿಡಿದ ಲೋಹ ಕಂಡರೆ ಅಲ್ಲಿ ಸಂಪರ್ಕ ಸಡಿಲವಾಗಿದೆ ಎಂದರ್ಥ. ಸಡಿಲ ಸಂಪರ್ಕದ ಲೆಕ್ಕ ಸರಳ, ಆದರೆ ಹೆದರಿಸುವಂಥದು. ಕೇವಲ 0.1 ಓಮ್ ತಡೆ ಇರುವ ಜಾಗದಲ್ಲಿ 25 ಆಂಪಿಯರ್ ಹರಿದರೆ ಅಷ್ಟೇ ಜಾಗದಲ್ಲಿ 62 ವ್ಯಾಟ್‌ಗಿಂತ ಹೆಚ್ಚು ಶಾಖ ಹುಟ್ಟುತ್ತದೆ. ಬೆಸುಗೆ ಹಾಕುವ ಕಡ್ಡಿಯೊಂದನ್ನು ಪ್ಲಗ್ಗಿನೊಳಗೆ ಹೂತಿಟ್ಟ ಹಾಗೆ. ಇಂಥ ಪ್ಲಗ್ಗನ್ನು ಕೆರೆದು ಉಜ್ಜಿ ಮತ್ತೆ ಬಳಸುವುದು ಬೇಡ, ಬದಲಿಸಬೇಕು.

ಕೇಬಲ್ಲಿನ ದಾರಿಯಲ್ಲಿ ವೋಲ್ಟೇಜ್ ಕಾಯುವ ಸಾಧನ ಇದ್ದರೆ ಅದರ ಫಲಕವನ್ನು ಓದಿ. ವೋಲ್ಟೇಜ್ ತೀರಾ ಕಡಿಮೆಯೋ ಹೆಚ್ಚೋ ಆದಾಗ ಅದು ತಾನಾಗಿಯೇ ಸಂಪರ್ಕ ಕಡಿಯುತ್ತದೆ. ಎಲ್ಲ ಸರಿಯಿದ್ದಾಗಲೂ ಹವಾನಿಯಂತ್ರಕದ ಕಂಪ್ರೆಸರ್‌ಗೆ ಪೆಟ್ಟಾಗದಿರಲೆಂದು ಒಂದೆರಡು ನಿಮಿಷ ತಡೆದು ಕರೆಂಟ್ ಬಿಡುವ ಸಾಧನಗಳಿವೆ. ಆ ಎರಡು ನಿಮಿಷ ಕಾಯದೆ ಎಲ್ಲವನ್ನೂ ಬಿಚ್ಚಿ ಹರಡಿಕೊಂಡು ಕುಳಿತವರನ್ನು ನಾನು ಕಂಡಿದ್ದೇನೆ.

ಜನರೇಟರ್ ಬಳಸುವವರಿಗೆ ಒಂದು ಮಾತು. ಎಂಜಿನ್ ಗುಡುಗುತ್ತಿದೆ ಎಂದ ಮಾತ್ರಕ್ಕೆ ವಿದ್ಯುತ್ ಹೊರಬರುತ್ತಿದೆ ಎಂದಲ್ಲ. ಜನರೇಟರ್‌ನ ಮೈಮೇಲೆಯೇ ಅದರದೊಂದು ಬ್ರೇಕರ್ ಇರುತ್ತದೆ, ಅದು ಬಿದ್ದಿದ್ದರೆ ಎಂಜಿನ್ ಸುಮ್ಮನೆ ಇಂಧನ ಸುಡುತ್ತಿರುತ್ತದೆ. ಹೊರಗಿನ ಕರೆಂಟೋ ಜನರೇಟರ್ ಕರೆಂಟೋ ಎಂದು ಆರಿಸುವ ಟ್ರಾನ್ಸ್‌ಫರ್ ಸ್ವಿಚ್ ಕೂಡ ಜನರೇಟರ್ ಹದಕ್ಕೆ ಬರಲೆಂದು ಕೆಲವು ಸೆಕೆಂಡು ಕಾಯುತ್ತದೆ. ಜನರೇಟರ್‌ನಿಂದ ಸಾಕೆಟ್‌ಗಳು ನಡೆಯುತ್ತವೆ, ಹೊರಗಿನ ಕೇಬಲ್ಲಿನಿಂದ ನಡೆಯುವುದಿಲ್ಲ ಎಂದಾದರೆ ಒಳಗಿನ ತಂತಿಗಳ ಮೇಲಿನ ಅನುಮಾನ ಬಹುಮಟ್ಟಿಗೆ ಕಳೆಯಿತು. ತೊಂದರೆ ಕೇಬಲ್ಲಿನ ಕಡೆ ಇದೆ, ಅಥವಾ ಆ ಸ್ವಿಚ್ಚಿನ ಒಂದು ಬದಿಯಲ್ಲಿದೆ.

ಈಗ ಒಳಗಿನ ಬ್ರೇಕರ್ ಪೆಟ್ಟಿಗೆಗೆ ಬರೋಣ. ಇಲ್ಲಿ ಬಿದ್ದ ಬ್ರೇಕರ್ ಬಹಳ ಸಲ ಹೇಳುವುದು ಒಂದೇ ಮಾತು: ನೀವು ಕೇಳಿದ್ದು ಹೆಚ್ಚಾಯಿತು. 120 ವೋಲ್ಟ್‌ನ 30 ಆಂಪಿಯರ್ ಸಂಪರ್ಕ ಕೊಡುವುದು ಒಟ್ಟು 3600 ವ್ಯಾಟ್. 230 ವೋಲ್ಟ್‌ನ 16 ಆಂಪಿಯರ್ ಸಂಪರ್ಕ ಕೊಡುವುದು 3680 ವ್ಯಾಟ್, ಹೆಚ್ಚುಕಡಿಮೆ ಅಷ್ಟೇ. ಹವಾನಿಯಂತ್ರಕ, ಮೈಕ್ರೋವೇವ್, ಕೂದಲು ಒಣಗಿಸುವ ಯಂತ್ರ ಮೂರೂ ಒಟ್ಟಿಗೆ ನಡೆದರೆ ಆ ಮಿತಿ ದಾಟುವುದಕ್ಕೆ ಹೆಚ್ಚು ಹೊತ್ತು ಬೇಡ. ಕೆಲವು ತಂಗುದಾಣಗಳಲ್ಲಿ 6 ಆಂಪಿಯರ್ ಮಾತ್ರ ಕೊಡುತ್ತಾರೆ. 230 ವೋಲ್ಟ್‌ನಲ್ಲಿ ಅದು 1380 ವ್ಯಾಟ್. 2000 ವ್ಯಾಟ್‌ನ ಒಂದೇ ಒಂದು ಕೆಟಲ್ ಅದನ್ನು ಬೀಳಿಸುತ್ತದೆ. ಭಾರ ತೆಗೆದು ಬ್ರೇಕರ್ ಏರಿಸಿದಾಗ ನಿಂತರೆ ಸರಿ. ಏನನ್ನೂ ಸಿಕ್ಕಿಸದಿದ್ದರೂ ತಕ್ಷಣ ಮತ್ತೆ ಬಿದ್ದರೆ ಎಲ್ಲೋ ತಂತಿಗೆ ತಂತಿ ತಗುಲಿದೆ. ಮತ್ತೆ ಮತ್ತೆ ಏರಿಸುವುದು ಆಗ ಅಪಾಯಕ್ಕೆ ಆಹ್ವಾನ.

ಅಮೆರಿಕದ ದೊಡ್ಡ ವಾಹನಗಳಲ್ಲಿ 50 ಆಂಪಿಯರ್ ಸಂಪರ್ಕ ಇರುತ್ತದೆ. ಅದರಲ್ಲಿ ಕರೆಂಟ್ ತರುವ ತಂತಿಗಳು ಎರಡು. ಒಂದು ಕಡಿದರೆ ಅರ್ಧ ವಾಹನದ ಸಾಕೆಟ್‌ಗಳು ಸತ್ತು, ಉಳಿದರ್ಧ ಚೆನ್ನಾಗಿಯೇ ನಡೆಯುತ್ತವೆ. ಅದಕ್ಕಿಂತ ಕೆಟ್ಟದ್ದು ಆ ಎರಡಕ್ಕೂ ಮರಳುವ ದಾರಿಯಾದ ನ್ಯೂಟ್ರಲ್ ತಂತಿ ಕಡಿಯುವುದು. ಆಗ ಕೆಲವು ಸಾಕೆಟ್‌ಗಳಲ್ಲಿ ವೋಲ್ಟೇಜ್ ಕುಸಿದು, ಇನ್ನು ಕೆಲವಲ್ಲಿ 120ರ ಬಹಳ ಮೇಲಕ್ಕೆ ಜಿಗಿದು ಉಪಕರಣಗಳನ್ನು ಸುಡುತ್ತದೆ. ಸಾಕೆಟ್‌ಗೆ ಸಿಕ್ಕಿಸಿದ ದೀಪ ಒಂದು ಕಡೆ ಮಂಕು, ಇನ್ನೊಂದು ಕಡೆ ವಿಪರೀತ ಪ್ರಖರ ಎಂದು ಕಂಡ ಕ್ಷಣವೇ ಹೊರಗಿನ ಬ್ರೇಕರ್ ಇಳಿಸಿ.

ಬ್ರೇಕರ್‌ಗಳೆಲ್ಲ ಸರಿಯಿವೆ, ಸಾಕೆಟ್ ಮಾತ್ರ ಇನ್ನೂ ಸತ್ತೇ ಇದೆ ಎಂದರೆ ನನ್ನ ಮೊದಲ ಅನುಮಾನ ಸೋರಿಕೆ ರಕ್ಷಕದ ಮೇಲೆ. ಅಮೆರಿಕದಲ್ಲಿ ಇದನ್ನು ಜಿಎಫ್‌ಸಿಐ ಎನ್ನುತ್ತಾರೆ, ಯುರೋಪಿನಲ್ಲಿ ಆರ್‌ಸಿಡಿ. ಇದರ ಕೆಲಸ ಕಂಡು ನನಗೆ ಇಂದಿಗೂ ಅಚ್ಚರಿ. ಹೋದ ವಿದ್ಯುತ್ತು ಅಷ್ಟೇ ಪ್ರಮಾಣದಲ್ಲಿ ಮರಳಿತೇ ಎಂದು ಅದು ಸದಾ ತೂಗುತ್ತಿರುತ್ತದೆ. ಲೆಕ್ಕ ತಪ್ಪಿದರೆ, ಆ ವ್ಯತ್ಯಾಸ ಬೇರೆ ದಾರಿಯಿಂದ, ಬಹುಶಃ ಒಬ್ಬ ಮನುಷ್ಯನ ದೇಹದ ಮೂಲಕ, ನೆಲಕ್ಕೆ ಹರಿಯುತ್ತಿದೆ ಎಂದು ತಿಳಿದು ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿಯುತ್ತದೆ. ಜಿಎಫ್‌ಸಿಐಗೆ 5 ಮಿಲಿಆಂಪಿಯರ್ ಆಸುಪಾಸಿನ ವ್ಯತ್ಯಾಸ ಸಾಕು. ಆರ್‌ಸಿಡಿಗೆ ಸಾಮಾನ್ಯವಾಗಿ 30 ಮಿಲಿಆಂಪಿಯರ್.

ಗೊಂದಲ ಹುಟ್ಟುವುದು ಇಲ್ಲಿ. ಬಚ್ಚಲಿನ ಒಂದು ಜಿಎಫ್‌ಸಿಐ ಸಾಕೆಟ್ಟಿನ ಹಿಂದೆ ಅಡುಗೆಮನೆಯ ಸಾಕೆಟ್, ಮಲಗುವ ಜಾಗದ ಸಾಕೆಟ್, ವಾಹನದ ಹೊರಮೈಯಲ್ಲಿರುವ ಸಾಕೆಟ್ ಎಲ್ಲವನ್ನೂ ಸಾಲಾಗಿ ಕಟ್ಟಿರುತ್ತಾರೆ. ಮೊದಲನೆಯದು ಬಿದ್ದರೆ ಹಿಂದಿನವೆಲ್ಲ ಸತ್ತವು. ಒಮ್ಮೆ ನನ್ನ ವಾಹನದಲ್ಲಿ ಅಡುಗೆಕಟ್ಟೆಯ ಸಾಕೆಟ್ ಹೀಗೆ ಸುಮ್ಮನಾಯಿತು. ಬ್ರೇಕರ್‌ಗಳು ಸರಿಯಿದ್ದವು. ಅಡುಗೆಕಟ್ಟೆಯ ಸಾಕೆಟ್ಟನ್ನು ಬಿಚ್ಚಿದೆ, ತಂತಿಗಳೂ ಬಿಗಿಯಾಗಿದ್ದವು. ಅರ್ಧ ದಿನ ಕಳೆದ ಮೇಲೆ, ಬಟ್ಟೆ ಇಡುವ ಕಪಾಟಿನ ಹಿಂಬದಿಯಲ್ಲಿ, ಟವೆಲ್‌ಗಳ ಮರೆಯಲ್ಲಿ, ಒಂದು ಜಿಎಫ್‌ಸಿಐ ಸಿಕ್ಕಿತು. ಅದರ ರೀಸೆಟ್ ಗುಂಡಿ ಹೊರಕ್ಕೆ ಚಾಚಿತ್ತು. ಒತ್ತಿದರೆ ನಿಲ್ಲಲಿಲ್ಲ. ಹಿಂದಿನ ರಾತ್ರಿ ಮಳೆ ಬಂದದ್ದು ಆಗ ನೆನಪಾಯಿತು. ಹೊರಗೆ ಹೋಗಿ ನೋಡಿದರೆ ಹೊರಮೈಯ ಸಾಕೆಟ್ಟಿನ ರಬ್ಬರ್ ಮುಚ್ಚಳ ಸೀಳಿತ್ತು, ಒಳಗೆ ನೀರು. ಪೂರ್ತಿ ಒಣಗಿಸಿ, ಮುಚ್ಚಳ ಬದಲಿಸಿ, ಮರುದಿನ ಗುಂಡಿ ಒತ್ತಿದಾಗ ಅಡುಗೆಕಟ್ಟೆಯ ಸಾಕೆಟ್‌ಗೆ ಜೀವ ಬಂತು. ಅಡುಗೆಕಟ್ಟೆಯ ರೋಗಕ್ಕೆ ಕಾರಣ ಗೋಡೆಯ ಆಚೆ ಬದಿಯಲ್ಲಿತ್ತು.

ಈ ಕಾರಣಕ್ಕೆ ರೀಸೆಟ್ ಗುಂಡಿ ಒತ್ತುವ ಮೊದಲು ಆ ಸಾಲಿನ ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡಿ. ಗುಂಡಿ ನಿಂತರೆ ಒಂದೊಂದಾಗಿ ಮತ್ತೆ ಸಿಕ್ಕಿಸುತ್ತಾ ಬನ್ನಿ. ಯಾವುದನ್ನು ಸಿಕ್ಕಿಸಿದಾಗ ಬೀಳುತ್ತದೆಯೋ ಅದೇ ತಪ್ಪಿತಸ್ಥ. ನೀರು ಕಾಯಿಸುವ ಹೀಟರ್ ಸುರುಳಿಯ ಕವಚ ಸೀಳಿ ಕರೆಂಟ್ ಸೋರುವುದೂ ಉಂಟು. ಇನ್ನೊಂದು ಸೂಕ್ಷ್ಮ ಇದೆ: ಇಂದಿನ ಜಿಎಫ್‌ಸಿಐ ಸಾಕೆಟ್‌ಗಳಲ್ಲಿ ಹೆಚ್ಚಿನವು ತಮಗೇ ಕರೆಂಟ್ ಬರದಿದ್ದರೆ ರೀಸೆಟ್ ಆಗುವುದಿಲ್ಲ. ಗುಂಡಿ ನಿಲ್ಲುತ್ತಿಲ್ಲವೆಂದು ಅದನ್ನೇ ಬದಲಿಸುವ ಮೊದಲು ಅಲ್ಲಿಗೆ ಕರೆಂಟ್ ತಲುಪುತ್ತಿದೆಯೇ ಎಂದು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್‌ನಿಂದ ಖಚಿತ ಮಾಡಿಕೊಳ್ಳಬೇಕು.

ಇನ್ವರ್ಟರ್‌ನ ಕಥೆ ಬೇರೆ. ಅದು ಬ್ಯಾಟರಿಯ 12 ವೋಲ್ಟನ್ನು ಎಸಿಯಾಗಿ ಮಾಡಿ, ಎಷ್ಟೋ ವಾಹನಗಳಲ್ಲಿ ಕೆಲವೇ ಸಾಕೆಟ್‌ಗಳಿಗೆ ಕೊಡುತ್ತದೆ. ಟಿವಿಯ ಸಾಕೆಟ್ ನಡೆಯುತ್ತದೆ, ಹಾಸಿಗೆಯ ಪಕ್ಕದ್ದು ನಡೆಯುವುದಿಲ್ಲ ಎಂದರೆ ಅದು ಕೆಟ್ಟಿರಬೇಕೆಂದೇನೂ ಇಲ್ಲ, ಕಟ್ಟಿದ್ದೇ ಹಾಗಿರಬಹುದು. 1000 ವ್ಯಾಟ್‌ನ ಉಪಕರಣವನ್ನು 12 ವೋಲ್ಟ್ ಬ್ಯಾಟರಿಯಿಂದ ನಡೆಸಲು 83 ಆಂಪಿಯರ್ ಬೇಕು, ಇನ್ವರ್ಟರ್‌ನಲ್ಲಿ ನಷ್ಟವಾಗುವುದನ್ನೂ ಸೇರಿಸಿದರೆ 90ರ ಮೇಲೆ. ಅಷ್ಟು ಎಳೆದಾಗ ದಣಿದ ಬ್ಯಾಟರಿಯ ವೋಲ್ಟೇಜ್ ಕುಸಿದು ಇನ್ವರ್ಟರ್ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಅದರ ಮೈಮೇಲೂ ಒಂದು ರೀಸೆಟ್ ಗುಂಡಿ ಇರಬಹುದು. ನೋಡಿ.

ಎಲ್ಲ ದಾಟಿದ ಮೇಲೆ ಕೊನೆಯದಾಗಿ ಸಾಕೆಟ್. ಬಿಚ್ಚುವ ಮೊದಲು ಮೂರು ಮೂಲಗಳನ್ನೂ ನಿಲ್ಲಿಸಬೇಕು: ಹೊರಗಿನ ಕೇಬಲ್ ಕಿತ್ತಿರಬೇಕು, ಜನರೇಟರ್ ತಾನಾಗಿ ಶುರುವಾಗದಂತೆ ನಿಲ್ಲಿಸಿರಬೇಕು, ಇನ್ವರ್ಟರ್ ಆಫ್ ಆಗಿರಬೇಕು. ಜನ ಮರೆಯುವುದು ಈ ಮೂರನೆಯದನ್ನು. ಕೇಬಲ್ ಕಿತ್ತಿದ್ದೇನೆ ಎಂಬ ಧೈರ್ಯದಲ್ಲಿ ಕೈಹಾಕಿದವರಿಗೆ ಬ್ಯಾಟರಿಯಿಂದ ಹುಟ್ಟಿದ ಪೂರ್ಣ ವೋಲ್ಟೇಜ್ ಎದುರಾಗುತ್ತದೆ. ಮೀಟರನ್ನು ಕರೆಂಟ್ ಇರುವ ಕಡೆ ಮೊದಲೇ ಪರೀಕ್ಷಿಸಿ, ಆಮೇಲೆ ಈ ಸಾಕೆಟ್ಟನ್ನು ಅಳೆದು, ಮತ್ತೊಮ್ಮೆ ಕರೆಂಟ್ ಇರುವ ಕಡೆ ಮೀಟರ್ ಪರೀಕ್ಷಿಸಿ. ಕೆಟ್ಟ ಮೀಟರ್ ಎಲ್ಲ ಕಡೆಯೂ ಸೊನ್ನೆಯನ್ನೇ ತೋರಿಸುತ್ತದೆ.

ಒಳಗೆ ಸಾಮಾನ್ಯವಾಗಿ ಕಾಣುವುದು ಸಡಿಲ ತಂತಿ. ರಸ್ತೆಯ ಪ್ರತಿ ಗುಂಡಿಯೂ ಈ ಮನೆಯನ್ನು ಅಲ್ಲಾಡಿಸುತ್ತದೆ. ಅಮೆರಿಕದ ವಾಹನಗಳಲ್ಲಿ ತಂತಿಯ ಹೊದಿಕೆ ಸುಲಿಯದೆ, ಲೋಹದ ಸೀಳಿನೊಳಗೆ ಒತ್ತಿ ಕೂರಿಸುವ ಸಾಕೆಟ್‌ಗಳು ಬಹಳ. ವರ್ಷಗಳ ಕುಲುಕಾಟಕ್ಕೆ ಆ ಹಿಡಿತ ಬಿಡುತ್ತದೆ. ಸ್ಕ್ರೂ ಇರುವ ಒಳ್ಳೆಯ ಸಾಕೆಟ್ಟನ್ನು ಹಾಕಿಸಿಕೊಂಡರೆ ನೆಮ್ಮದಿ.

ಒಂದು ಅಪಾಯವನ್ನು ಹೇಳದೆ ನಾನು ಏಳಲಾರೆ. ವಾಹನದ ಬಾಗಿಲ ಹಿಡಿ ಮುಟ್ಟಿದಾಗ ಕೈ ಜುಮ್ಮೆಂದರೆ, ಸಾಕೆಟ್ಟಿನ ವಿಚಾರ ಅಲ್ಲಿಗೇ ಬಿಡಿ. ಭೂಸಂಪರ್ಕದ ತಂತಿ ಕಡಿದು, ಲೋಹದ ಮೈಗೆ ವಿದ್ಯುತ್ ತಗುಲಿದೆ. ರಬ್ಬರ್ ಚಕ್ರಗಳ ಮೇಲೆ ನಿಂತ ವಾಹನದ ಒಳಗಿರುವವರಿಗೆ ಏನೂ ಗೊತ್ತಾಗುವುದಿಲ್ಲ. ಒದ್ದೆ ನೆಲದಲ್ಲಿ ನಿಂತು ಬಾಗಿಲು ಮುಟ್ಟುವ ಮಗುವಿಗೆ ಅದು ಪ್ರಾಣಾಂತಿಕ. ವಾಹನವನ್ನು ಮುಟ್ಟದೆ ಹೊರಗಿನ ಬ್ರೇಕರ್ ಇಳಿಸಿ, ತರಬೇತಿ ಪಡೆದ ಎಲೆಕ್ಟ್ರಿಷಿಯನ್ ಬರುವವರೆಗೆ ಯಾರನ್ನೂ ಹತ್ತಿರ ಬಿಡಬೇಡಿ. ಸುಟ್ಟ ವಾಸನೆ ಬಂದರೂ ಇದೇ ಕ್ರಮ.

ಆ ಮಳೆಯ ಮರುದಿನ ನಾನು ಒಂದು ಹಾಳೆಯಲ್ಲಿ ನನ್ನ ವಾಹನದ ಸಾಕೆಟ್‌ಗಳನ್ನೆಲ್ಲ ಬರೆದೆ. ಯಾವುದು ಯಾವ ಬ್ರೇಕರ್‌ನದು, ಯಾವುದು ಇನ್ವರ್ಟರ್‌ನದು, ಯಾವುವು ಕಪಾಟಿನೊಳಗಿನ ಜಿಎಫ್‌ಸಿಐಯ ಹಿಂದಿನವು ಎಂದು ಒಂದೊಂದನ್ನೂ ಆರಿಸಿ ಪರೀಕ್ಷಿಸಿ ಗುರುತು ಮಾಡಿದೆ. ಒಂದು ಗಂಟೆಯ ಕೆಲಸ. ಆ ಹಾಳೆ ಈಗ ಬ್ರೇಕರ್ ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಕೊಂಡಿದೆ.

ನಮಸ್ಕಾರ.