ಹತ್ತನೇ ನಂಬರಿಗಾಗಿ ಕಾದ ಜಾನಿ ಸೆಕ್ಸ್‌ಟನ್

ಸ್ನೇಹಿತರೇ, ಐರ್ಲೆಂಡಿನ ರಗ್ಬಿ ಆಟಗಾರ ಜಾನಿ ಸೆಕ್ಸ್‌ಟನ್ 2018ರಲ್ಲಿ ವಿಶ್ವದ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡರು. ಆ ಕತೆ ಎಲ್ಲರೂ ಹೇಳುತ್ತಾರೆ. ನಾನು ಇವತ್ತು ಅವರು ಬೆಂಚಿನ ಮೇಲೆ ಕೂತಿದ್ದ ವರ್ಷಗಳ ಬಗ್ಗೆ ಮಾತಾಡುತ್ತೇನೆ. ನನಗೆ ಜಾಸ್ತಿ ರುಚಿ ಇರುವುದು ಅಲ್ಲೇ.

ಹುಟ್ಟಿದ್ದು 1985ರಲ್ಲಿ, ಡಬ್ಲಿನ್‌ನಲ್ಲಿ. ಓದಿದ್ದು ಸೇಂಟ್ ಮೇರೀಸ್ ಕಾಲೇಜಿನಲ್ಲಿ. ಆ ಊರಿನಲ್ಲಿ ಶಾಲಾ ರಗ್ಬಿ ಕಪ್‌ಗೆ ಭಾರೀ ಮರ್ಯಾದೆ. 2002ರ ಫೈನಲ್‌ನಲ್ಲಿ ಬದಲಿ ಆಟಗಾರನಾಗಿ ಇಳಿದ ಈ ಹುಡುಗ ಡ್ರಾಪ್ ಗೋಲ್ ಹೊಡೆದು, ಅಂದರೆ ಕೈಯಲ್ಲಿದ್ದ ಚೆಂಡನ್ನು ನೆಲಕ್ಕೆ ಬೀಳಿಸಿ ಪುಟಿದಾಗ ಗೋಲು ಕಂಬಗಳ ನಡುವೆ ಒದ್ದು, ಶಾಲೆಯನ್ನು ಗೆಲ್ಲಿಸಿದ. ಆಗಿನ್ನೂ ಹದಿನಾರು ವರ್ಷ.

ಆಮೇಲೆ ದಾರಿ ಸಲೀಸಾಗಿರಬೇಕಿತ್ತು, ಅಲ್ವಾ? ಆಗಲಿಲ್ಲ. ಐರ್ಲೆಂಡಿನಲ್ಲಿ ವೃತ್ತಿಪರ ರಗ್ಬಿ ತಂಡಗಳಿರುವುದು ನಾಲ್ಕೇ: ಲೆನ್‌ಸ್ಟರ್, ಮನ್‌ಸ್ಟರ್, ಅಲ್‌ಸ್ಟರ್, ಕಾನಾಕ್ಟ್. ಸೆಕ್ಸ್‌ಟನ್ ಆಡುತ್ತಿದ್ದುದು ಹತ್ತನೇ ನಂಬರಿನ ಜಾಗದಲ್ಲಿ. ತಂಡದ ಆಟ ನಡೆಸುವವನು ಆ ಜಾಗದ ಆಟಗಾರ. ಗೋಲಿಗೆ ಒದೆಯುವ ಕೆಲಸವೂ ಹೆಚ್ಚಾಗಿ ಅವನದೇ. ವಿಕೆಟ್ ಕೀಪರ್ ಹಾಗೆ, ತಂಡಕ್ಕೆ ಒಬ್ಬನೇ. ಅಂದರೆ ಇಡೀ ದೇಶದಲ್ಲಿ ಆ ಕೆಲಸ ನಾಲ್ಕು ಮಂದಿಗೆ ಮಾತ್ರ! 2006ರಲ್ಲಿ ಲೆನ್‌ಸ್ಟರ್ ಪರ ಮೊದಲ ಪಂದ್ಯ ಆಡಿದರು, ನಿಜ. ಆದರೆ ಆ ಅಂಗಿ ಅರ್ಜೆಂಟೀನಾದ ಫೆಲಿಪೆ ಕಾಂಟೆಪೋಮಿ ಮೈಮೇಲಿತ್ತು. ಆ ಮಹಾಶಯ ಆಡುತ್ತಾ ಆಡುತ್ತಾ ಡಬ್ಲಿನ್‌ನಲ್ಲೇ ಡಾಕ್ಟರಿಕೆ ಓದಿ ಮುಗಿಸಿದವರು. ಅಂಥವರನ್ನು ಕದಲಿಸುವುದು ಸುಲಭವೇ?

2009ರ ಮೇ 2. ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಹೈನೆಕೆನ್ ಕಪ್‌ನ ಸೆಮಿಫೈನಲ್, ಎದುರಾಳಿ ಮನ್‌ಸ್ಟರ್. ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ 82,208 ಜನ. ಕ್ಲಬ್ ರಗ್ಬಿಗೆ ಅಷ್ಟು ಜನ ಸೇರಿದ್ದು ಆಗ ವಿಶ್ವದಾಖಲೆ. ಮೊದಲರ್ಧದಲ್ಲೇ ಕಾಂಟೆಪೋಮಿಗೆ ಮಂಡಿಗೆ ಪೆಟ್ಟು ಬಿತ್ತು. ಸೆಕ್ಸ್‌ಟನ್ ಒಳಗೆ ಬಂದರು. ಬಂದ ಕೂಡಲೇ ಮೊದಲ ಕೆಲಸವೇ ಪೆನಾಲ್ಟಿ ಒದೆಯುವುದು. ಮೈ ಬಿಸಿಯಾಗಿಲ್ಲ, ಎದುರಿಗೆ ಹಾಲಿ ಚಾಂಪಿಯನ್ನರು. ಒದ್ದರು, ಚೆಂಡು ಕಂಬಗಳ ನಡುವೆ ಹೋಯಿತು. ಲೆನ್‌ಸ್ಟರ್ 25–6ರಿಂದ ಗೆದ್ದಿತು. ಸಹ ಆಟಗಾರನೊಬ್ಬ ಟ್ರೈ ಗಳಿಸಿದಾಗ (ಎದುರಾಳಿಯ ಗೋಲು ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತುವುದೇ ಟ್ರೈ) ಸೆಕ್ಸ್‌ಟನ್, ನೆಲಕ್ಕೆ ಬಿದ್ದಿದ್ದ ರೋನನ್ ಓಗಾರಾ ಮುಖಕ್ಕೆ ಬಗ್ಗಿ ಅರಚಿದರು. ಓಗಾರಾ ಅಂದರೆ ಮನ್‌ಸ್ಟರ್‌ಗೂ ಐರ್ಲೆಂಡ್‌ಗೂ ಹತ್ತನೇ ನಂಬರಿನವರು. ಆ ಅರಚಾಟ ಒಳ್ಳೆಯ ನಡತೆ ಅಂತ ನಾನು ಹೇಳಲ್ಲ. ಮೂರು ವರ್ಷ ಒಳಗೇ ಅದುಮಿಟ್ಟದ್ದು ಹೊರಬಂತು, ಅಷ್ಟೇ.

ಮೂರು ವಾರಕ್ಕೆ ಎಡಿನ್‌ಬರೋದಲ್ಲಿ ಫೈನಲ್. ಇಂಗ್ಲೆಂಡಿನ ಲೆಸ್ಟರ್ ತಂಡದ ವಿರುದ್ಧ 19–16ರ ಗೆಲುವು, ಅದರಲ್ಲಿ ಸೆಕ್ಸ್‌ಟನ್ ಗಳಿಸಿದ್ದು 11 ಅಂಕ.

ನವೆಂಬರ್‌ನಲ್ಲಿ ಫಿಜಿ ವಿರುದ್ಧ ಐರ್ಲೆಂಡ್ ಪರ ಮೊದಲ ಪಂದ್ಯ. ಆಗ ವಯಸ್ಸು 24. ಒಂದೇ ವಾರದ ನಂತರ ಅದೇ ಕ್ರೋಕ್ ಪಾರ್ಕ್‌ಗೆ ವಿಶ್ವಚಾಂಪಿಯನ್ ದಕ್ಷಿಣ ಆಫ್ರಿಕಾ ಬಂತು. ಈ ಸಲ ಬೆಂಚಿನ ಮೇಲೆ ಕೂತಿದ್ದು ಓಗಾರಾ. ಐರ್ಲೆಂಡ್ 15–10ರಿಂದ ಗೆದ್ದಿತು. ಆ 15 ಅಂಕವೂ ಸೆಕ್ಸ್‌ಟನ್ ಅವರದೇ, ಐದು ಪೆನಾಲ್ಟಿಗಳಿಂದ.